ಮೊದಲ ಭಜಿ ಒಲೆಯದು

ಫೋನಿನ ಆ ಆಟದ ಬಗ್ಗೆ ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ಮಗಳಿಗೆ ಅದು ಔಷಧಿ. ಬೆಳ್ಳಟ್ಟಿಯಿಂದ ಆಗಾಗ ಬಂದು ಹೋಗುವ ನನ್ನ ತಮ್ಮನಿಗೆ ಟೈಮ್‌ಪಾಸ್. ನಮ್ಮ ಭಜಿ ಗಾಡಿಗೆ ಬೆಸುಗೆ ಹಾಕಿಕೊಟ್ಟ, ಯಜಮಾನರ ಹಳೆಯ ಗೆಳೆಯರಾದ ವೆಲ್ಡಿಂಗ್ ಸಾಹೇಬರಿಗೆ ಅದು ಹುಚ್ಚರ ಸಂತೆ. ನನ್ನನ್ನು ಕೇಳಿದರೆ, ಉಪ್ಪು ಖಾರ ಗೊತ್ತಿಲ್ಲದ ಅಡುಗೆಯನ್ನು ಬಾಯಿಯೇ ಇಲ್ಲದ ಗಿರಾಕಿಗೆ ಕೊಡುವ ದಂಡದ ಕೆಲಸ. ಆಟ ಯಾರಿಗಾಗಿ ಮನೆಗೆ ಬಂದಿತ್ತೋ ಅವರ ಅಭಿಪ್ರಾಯ ಮಾತ್ರ ತಿಳಿಯುವಂತಿರಲಿಲ್ಲ. ಲಕ್ವಾ ಹೊಡೆದ ಮೇಲೆ ನನ್ನ ಗಂಡನ ಬಾಯಲ್ಲಿ ಉಳಿದದ್ದು ಒಂದೇ ಮಾತು, ಆಯಿತು ಎನ್ನುವ ನಮ್ಮ ಕಡೆಯ ‘ಆತು’.

ಹಸಿವೆಯೇ ಎಂದರೆ ಆತು. ಹೊಟ್ಟೆ ತುಂಬಿತೇ ಎಂದರೂ ಆತು. ಫ್ಯಾನ್ ಹಚ್ಚಲೇ, ಆತು. ಆರಿಸಲೇ, ಆತು. ಮೊದಮೊದಲು ಮಗಳು ಅದರ ಏರಿಳಿತದಲ್ಲಿ ಹೌದು ಯಾವುದು, ಬೇಡ ಯಾವುದು ಎಂದು ಗುರುತು ಹಚ್ಚಲು ನೋಡಿದಳು. ನಾನು ಆ ಗೊಡವೆಗೆ ಹೋಗಲಿಲ್ಲ. ಗಾಡಿಯ ಮುಂದೆ ನಿಂತರೆ ಇಡೀ ಗದಗ-ಬೆಟಗೇರಿಯನ್ನು ಮಾತಿನಲ್ಲೇ ಕಟ್ಟಿಹಾಕುತ್ತಿದ್ದ ಮನುಷ್ಯ. ಅವರ ಬಾಯಲ್ಲಿ ಆ ಒಂದೇ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಗದಗ ಹೊಸದಾಗಿ ಜಿಲ್ಲೆಯಾದ ಹೊತ್ತಿಗೆ ಅವರು ಮಿರ್ಚಿ ಭಜಿಯ ಗಾಡಿ ಹಾಕಿದ್ದರು. ಅದುವರೆಗೆ ಸಣ್ಣ ಕಾಗದಕ್ಕೂ ಧಾರವಾಡಕ್ಕೆ ಓಡುತ್ತಿದ್ದ ಮುಂಡರಗಿ, ಶಿರಹಟ್ಟಿ ಕಡೆಯ ಜನ ಈಗ ಇಲ್ಲಿಯೇ ಕಚೇರಿಯ ಕೆಲಸ ಮುಗಿಸಿ, ಊರಿನ ಬಸ್ಸು ಹಿಡಿಯುವ ಮೊದಲು ನಮ್ಮಲ್ಲಿ ನಿಂತು ತಿಂದು ಹೋಗುವುದಾಯಿತು. ಬೋರ್ಡಿನಲ್ಲಿ ಏನೇ ಬರೆದಿದ್ದರೂ ಜನರ ಬಾಯಲ್ಲಿ ಅದು ‘ಜಿಲ್ಲಾ ಗಾಡಿ’. ಅವರು ಭಜಿ ಕರಿಯುತ್ತಿದ್ದರು, ನಾನು ಪಕ್ಕದಲ್ಲಿ ನಿಂತು ಮಂಡಕ್ಕಿಯ ಗಿರ್ಮಿಟ್ಟು ಕಲಸುತ್ತಿದ್ದೆ. ಅವಸರ ಮಾಡುವವರಿಗೆ ಅವರದು ಒಂದೇ ಉತ್ತರ, ‘ಎಣ್ಣಿ ಕಾಯ್ಲಿ, ನಿಲ್ರಿ.’ ಜನ ಬೈಯುತ್ತಲೇ ನಿಲ್ಲುತ್ತಿದ್ದರು. ಬಸ್ಸು ತಪ್ಪಿಸಿಕೊಂಡು ಮತ್ತೊಂದು ಪ್ಲೇಟು ತಿಂದವರೂ ಇದ್ದಾರೆ.

ಒಂದು ಮಧ್ಯಾಹ್ನ ಮನೆಯ ಕಟ್ಟೆಯ ಮೇಲೆ ಮೆಣಸಿನಕಾಯಿ ಸೀಳುತ್ತ ಕುಳಿತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಕಾಲು ಸ್ವಲ್ಪ ತಿರುಗಿ ಬಂತು, ಗೋಡೆ ಹಿಡಿದು ನಡೆಯುವಷ್ಟು. ಕೈ ಬರಲಿಲ್ಲ. ನೋಡಲು ಬಂದವರೆಲ್ಲ ವೈದ್ಯರಾದರು. ಒಬ್ಬರು ಪಾರಿವಾಳದ ರಕ್ತ ತಿಕ್ಕಿ ಎಂದರು, ಇನ್ನೊಬ್ಬರು ಅದೆಲ್ಲೋ ಹೊಳೆಯ ದಂಡೆಯ ಊರಿನ ಎಣ್ಣೆಯ ಹೆಸರು ಹೇಳಿದರು. ಆಸ್ಪತ್ರೆಯ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ಹಿಸುಕುತ್ತ ಇರಿ, ಬೆರಳಿಗೆ ಕೆಲಸ ಕೊಡಿ ಎಂದರು. ಇವರು ಚೆಂಡನ್ನು ಒಂದು ದಿನ ಹಿಡಿದು, ಮರುದಿನ ಅಂಗಳಕ್ಕೆ ಉರುಳಿಸಿಬಿಟ್ಟರು.

ಆಗ ಕಾಲೇಜಿಗೆ ಹೋಗುತ್ತಿದ್ದ ಮಗಳು ತನ್ನ ಫೋನಿನಲ್ಲಿ ಆ ಆಟ ಹಾಕಿಕೊಂಡು ಬಂದಳು.

‘ಅಪ್ಪಾ, ಇದೂ ಗಾಡಿನ ಐತಿ ನೋಡು. ಗಿರಾಕಿ ಬರ್ತಾರ, ಕರದು ಕೊಡು.’

ಗಾಡಿ ಎಂದರೆ ನಮ್ಮಂಥ ಗಾಡಿಯಲ್ಲ, ಬಣ್ಣ ಬಳಿದ ದೊಡ್ಡ ವ್ಯಾನು. ಅದರ ಕಿಟಕಿಗೆ ಜನ ಬಂದು ನಿಲ್ಲುತ್ತಾರೆ. ತಲೆಯ ಮೇಲೆ ಬೇಕಾದ ತಿಂಡಿಯ ಚಿತ್ರ, ಪಕ್ಕದಲ್ಲಿ ಒಂದು ಹಸಿರು ಪಟ್ಟಿ. ತಡವಾದರೆ ಪಟ್ಟಿ ಹಳದಿಯಾಗಿ, ಕೆಂಪಾಗಿ, ಗಿರಾಕಿ ಮುಖ ಗಂಟಿಕ್ಕಿಕೊಂಡು ಹೊರಟೇಹೋಗುತ್ತಾನೆ. ಕಡಾಯಿಯಲ್ಲಿ ಇಟ್ಟದ್ದನ್ನು ಬೇಗ ಎತ್ತದಿದ್ದರೆ ಸೀದು ಕರಿಯಾಗುತ್ತದೆ. ಸೀದದ್ದನ್ನು ಒಗೆಯಲು ಬಲಗಡೆ ಕೆಳಗೆ ಒಂದು ಕಸದ ಡಬ್ಬಿ. ಎಲ್ಲ ಗಿರಾಕಿಗಳಿಗೂ ತಪ್ಪದೆ ಕೊಟ್ಟರೆ ಮೂರು ಚುಕ್ಕಿ. ನಾನು ಒಮ್ಮೆ ಆಡಿ ನೋಡಿದೆ. ಈ ಕೈ ಹಬ್ಬದ ಸಂಜೆಗಳ ಗದ್ದಲವನ್ನೇ ಸಂಭಾಳಿಸಿದ ಕೈ, ಆದರೂ ಎಲ್ಲವನ್ನೂ ಸೀಯಿಸಿದೆ. ಒಂದು ಉಳ್ಳಾಗಡ್ಡಿ ಹೆಚ್ಚಿಗೆ ಹಾಕ್ರಿ ಎನ್ನದ, ಎಣ್ಣಿ ಹಳೇದೇನ್ರಿ ಎಂದು ಕೆಣಕದ ಗಿರಾಕಿಯನ್ನು ಕಟ್ಟಿಕೊಂಡು ಏನು ಮಾಡುವುದು? ಫೋನನ್ನು ಮಗಳ ಕೈಗೆ ಕೊಟ್ಟು ಪಾತ್ರೆ ತೊಳೆಯಲು ಹೋದೆ.

ನನ್ನ ಗಂಡ ಮಾತ್ರ ಆಡಿದರು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು, ಸತ್ತಂತಿದ್ದ ಬೆರಳನ್ನು ಪರದೆಯ ಮೇಲೆ ಎಳೆದು ಎಳೆದು ಒತ್ತಿದರು. ಒಬ್ಬ ಗಿರಾಕಿಗೆ ಕೊಡುವಷ್ಟರಲ್ಲಿ ಮೂವರು ಎದ್ದು ಹೋಗುತ್ತಿದ್ದರು. ತಮ್ಮನಿಗೆ ತಡೆಯಲಾಗಲಿಲ್ಲ. ‘ಮಾವಾ, ಎಡಗೈಲೆ ಒತ್ರಿ, ಜಲ್ದಿ ಆಗತೈತಿ’ ಎಂದ. ಅವರು ತಲೆ ಎತ್ತಿ ಅವನನ್ನು ನೋಡಿದರು. ತಿನ್ನುವ ಪದಾರ್ಥವನ್ನು ಗಿರಾಕಿಗೆ ಎಡಗೈಯಲ್ಲಿ ಕೊಡುವುದುಂಟೇ ಎಂಬ ನೋಟ ಅದು. ಬಾಯಿ ಬಂದ್ ಆದರೂ ಬೈಯುವುದು ಬಂದ್ ಆಗಿಲ್ಲ ಎಂದುಕೊಂಡು ನಾನು ಒಳಗೆ ಹೋಗಿ ನಕ್ಕೆ. ಎಷ್ಟೋ ದಿನದ ಮೇಲೆ ನಕ್ಕಿದ್ದು.

ಇನ್ನೊಂದು ವಿಚಿತ್ರವೂ ಇತ್ತು. ಆಟ ಶುರುವಾದ ಕೂಡಲೇ ಅವರು ಮೊದಲು ಬೆಂದದ್ದನ್ನು, ಅದು ಹದವಾಗಿ ಹೊಂಬಣ್ಣಕ್ಕೆ ಬಂದಿದ್ದರೂ, ಗಿರಾಕಿಗೆ ಕೊಡದೆ ಕಸದ ಡಬ್ಬಿಗೆ ಹಾಕುತ್ತಿದ್ದರು. ಪ್ರತಿ ಸಲ. ಆಮೇಲೆ ಉಳಿದದ್ದನ್ನು ಸರಿಯಾಗಿ ಕೊಡಲು ಹೆಣಗುತ್ತಿದ್ದರು. ಮೊದಲ ಗಿರಾಕಿ ಅಲ್ಲಿಗೇ ಕೈಬಿಟ್ಟು ಹೋಗುವುದರಿಂದ ಮೂರು ಚುಕ್ಕಿ ಬರುವ ಮಾತೇ ಇರಲಿಲ್ಲ. ಬೆರಳು ಜಾರುತ್ತದೆ ಎಂದಳು ಮಗಳು. ಮಾವನಿಗೆ ಆಟ ತಿಳಿದಿಲ್ಲ ಎಂದ ತಮ್ಮ. ಸಾಹೇಬರು ಒಂದು ಸಂಜೆ ಪಕ್ಕದಲ್ಲಿ ಕುಳಿತು ಬಹಳ ಹೊತ್ತು ನೋಡಿದವರು ನನ್ನನ್ನು ಬಾಗಿಲ ಆಚೆ ಕರೆದು, ದನಿ ತಗ್ಗಿಸಿದರು.

‘ವೈನಿ, ತಲೀಗೂ ಬಡದೈತಿ ಅನಸ್ತೈತ್ರಿ. ಮಾಡಿದ್ದನ್ನ ತಾನ ಕಸಕ್ಕ ಒಗೀತಾನ.’

ಕೈ ಹೋದರೆ ಹೋಗಲಿ, ತಲೆಯೂ ಹೋಗಿದ್ದರೆ ಗಾಡಿಯ ಆಸೆಯನ್ನೇ ಬಿಡಬೇಕು. ಮರುದಿನ ಕೆಲಸ ಬದಿಗಿಟ್ಟು ಅವರ ಬಗಲಲ್ಲೇ ಕುಳಿತೆ. ಮೊದಲನೆಯದು ಬೆಂದಿತು, ಡಬ್ಬಿಗೆ ಬಿತ್ತು. ಆಮೇಲೆ ಅವರು ಮಣಿಕಟ್ಟು ಬಿಟ್ಟು, ಎಡಗೈಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ಆಗ ನನಗೆ ತಿಳಿಯಿತು.

ಮೊದಲ ಭಜಿ ಒಲೆಯದು. ಗಾಡಿ ಹಾಕಿದ ಸಂಜೆಯಿಂದ ಅವರು ಬಿಡದೆ ನಡೆಸಿಕೊಂಡು ಬಂದದ್ದು ಅದು. ಹಿರೇಹಂದಿಗೋಳದ ಅವರ ತಾಯಿ ಮನೆಯಲ್ಲಿ ಕರಿಯಲು ಕುಳಿತರೆ ಮೊದಲನೆಯದನ್ನು ಒಲೆಯ ಬೆಂಕಿಗೆ ಹಾಕಿ ಕೈ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರಂತೆ, ಇವರೂ ಹಾಗೆಯೇ. ಗ್ಯಾಸಿನ ಒಲೆ ಬಂದ ಮೇಲೆ ಬೆಂಕಿಗೆ ಹಾಕಿದರೆ ಬರ್ನರು ಕಟ್ಟಿಕೊಳ್ಳುತ್ತದೆ ಎಂದು ನಾನು ಜಗಳ ತೆಗೆದೆ. ಆಗ ಗಾಡಿಯ ಬಲಗಡೆ ಕೆಳಗೆ ಒಂದು ತಗಡಿನ ಡಬ್ಬಿ ತೂಗುಹಾಕಿ, ಒಲೆಯ ಪಾಲನ್ನು ಅದಕ್ಕೆ ಹಾಕತೊಡಗಿದರು. ಮೊದಲ ಗಿರಾಕಿ ಎಷ್ಟೇ ದೊಡ್ಡ ಅಧಿಕಾರಿಯಿರಲಿ, ಅವನಿಗೆ ಸಿಗುವುದು ಎರಡನೆಯ ಭಜಿ. ಫೋನಿನಲ್ಲಿ ಕಸದ ಡಬ್ಬಿ ಇದ್ದದ್ದೂ ಅದೇ ಬಲಗಡೆ, ಅದೇ ಕೆಳಗೆ.

ತಲೆ ಎಲ್ಲಿಗೂ ಹೋಗಿರಲಿಲ್ಲ. ಇಡೀ ಮನುಷ್ಯ ಒಳಗೆ ಹಾಗೆಯೇ ಕುಳಿತಿದ್ದರು, ಬಾಗಿಲು ಮಾತ್ರ ಹೊರಗಿನಿಂದ ಹಾಕಿತ್ತು. ಅದು ತಿಳಿದು ನನಗೆ ಸಂತೋಷವಾಯಿತು ಎಂದರೆ ಸುಳ್ಳು. ಮರೆತಿದ್ದರೇ ಅವರಿಗೆ ಹಗುರಾಗುತ್ತಿತ್ತೇನೋ ಎಂದು ಅತ್ತೆ.

ಲಕ್ಷ್ಮೇಶ್ವರದ ಗೃಹಸ್ಥರೊಬ್ಬರು ಗಾಡಿ ಕೇಳಿಕೊಂಡು ಬಂದದ್ದು ಆ ವಾರವೇ. ಅವರ ಊರಿನ ಬಸ್‌ ನಿಲ್ದಾಣದ ಹತ್ತಿರ ಭಜಿ ಹಾಕುವ ವಿಚಾರವಂತೆ. ಗಾಡಿಗೆ ಹೊದಿಸಿದ್ದ ತಾಡಪತ್ರಿ ಎತ್ತಿ ಚಕ್ರ, ಒಲೆ, ಕಡಾಯಿ ಎಲ್ಲ ನೋಡಿ ಒಪ್ಪಿದರು. ತಾವೇ ಯಜಮಾನರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಗಾಡಿ ಕೊಡುತ್ತೀರಾ ಎಂದು ಕೇಳಿದರು. ‘ಆತು’ ಎಂದರು ಇವರು. ಅವರ ಮುಖ ಅರಳಿತು. ಇಲ್ಲ, ನಮ್ಮಲ್ಲೇ ಇಟ್ಟುಕೊಳ್ಳೋಣವೇ ಎಂದು ನಾನು ಕೇಳಿದೆ. ‘ಆತು.’ ಬಂದವರು ಪಾಪ ನನ್ನ ಮುಖ, ಇವರ ಮುಖ ನೋಡಿದರು.

‘ಯಜಮಾನ್ರು ತಾವ ಹೇಳ್ಬೇಕ್ರಿ. ಅಲ್ಲೀ ತನಕ ಗಾಡಿ ಕೊಡಂಗಿಲ್ಲ’ ಎಂದೆ.

ಅವರು ಫೋನ್ ನಂಬರ್ ಕೊಟ್ಟು, ಯುಗಾದಿಯ ತನಕ ಕಾಯುತ್ತೇನೆ ಎಂದು ಹೋದರು. ಮಾತೇ ಬಾರದವರು ಹೇಗೆ ಹೇಳುತ್ತಾರೆ ಎಂದು ತಮ್ಮ ನನ್ನನ್ನು ಗದರಿದ. ಆದರೆ ನನಗೆ ದಿನವೂ ಉತ್ತರ ಸಿಗುತ್ತಿತ್ತು. ಸಂಜೆಗೊಮ್ಮೆ ಒಲೆಯ ಪಾಲು ಡಬ್ಬಿಗೆ ಬೀಳುತ್ತಿರುವ ತನಕ ಅವರ ಲೆಕ್ಕದಲ್ಲಿ ಅಂಗಡಿ ತೆರೆದೇ ಇದೆ. ತೆರೆದ ಅಂಗಡಿಯ ಗಾಡಿಯನ್ನು ನಾನು ಹೇಗೆ ಮಾರಲಿ?

ಮಗಳಿಗೆ ಡಬ್ಬಿಯ ಗುಟ್ಟು ಹೇಳಿದೆ. ಅವಳು ಆ ಆಟ ಆಡಿದವರು ಫೋನಿನಲ್ಲಿ ಬರೆದದ್ದನ್ನೆಲ್ಲ ಹುಡುಕಿ ಅಪ್ಪನಿಗೆ ಓದಿ ಹೇಳತೊಡಗಿದಳು. ಓಟ ಜಾಸ್ತಿ, ಬೆರಳು ನೋಯುತ್ತವೆ ಎಂದು ಒಬ್ಬರು. ಗಿರಾಕಿಗಳಿಗೆ ಸ್ವಲ್ಪವೂ ತಾಳ್ಮೆ ಇಲ್ಲ, ನಿಜವಾದ ಜನ ಹೀಗಿರುವುದಿಲ್ಲ ಎಂದು ಇನ್ನೊಬ್ಬರು. ಇದನ್ನು ಆಡುತ್ತಿದ್ದರೆ ಚಿಂತೆ ಮರೆಯುತ್ತದೆ ಎಂದವರೂ ಇದ್ದರು. ಒಬ್ಬರು ಬಹಳ ಸಿಟ್ಟಿನಿಂದ, ಕಸದ ಡಬ್ಬಿ ಕಡಾಯಿಗೆ ತೀರ ಹತ್ತಿರವಿದೆ, ಒಳ್ಳೆಯ ತಿಂಡಿ ಕೈತಪ್ಪಿ ಅದರಲ್ಲಿ ಬೀಳುತ್ತದೆ, ಅದನ್ನು ತೆಗೆದುಹಾಕಿ ಎಂದು ಬರೆದಿದ್ದರು. ಅದನ್ನು ಕೇಳಿ ನನ್ನ ಗಂಡನ ಮುಖದ ಎಡಗಡೆ ನಕ್ಕಿತು. ಬಲಗಡೆ ನಗಲಿಲ್ಲ. ನಾನು ಬೇರೆ ಕಡೆ ನೋಡಿದೆ.

ಆ ನಗುವೇ ನನ್ನ ತಲೆ ಕೆಡಿಸಿತು. ಫೋನಿನಲ್ಲಿ ಇಷ್ಟು ಮಾಡುವವರು ಕಡಾಯಿಯ ಮುಂದೆ ನಿಲ್ಲಲಾರರೇ ಎಂದು ಆಸೆ ಹುಟ್ಟಿತು. ಸಾಹೇಬರನ್ನು ಕರೆಸಿದೆ. ಅಂಗಳದಲ್ಲೇ ಗಾಡಿಯ ತಾಡಪತ್ರಿ ಬಿಚ್ಚಿ ಅವರು ಒಲೆ ಹಚ್ಚಿದರು. ನಾನು ಕಡಲೆ ಹಿಟ್ಟು ಕಲಸಿದೆ, ಯಜಮಾನರನ್ನು ಹಿಡಿದು ತಂದು ಅವರ ಜಾಗದಲ್ಲಿ ನಿಲ್ಲಿಸಿದೆ. ಎಣ್ಣೆಯ ವಾಸನೆ ಬಂದ ಕೂಡಲೇ ಅವರ ಬೆನ್ನು ನೆಟ್ಟಗಾಯಿತು. ಮಿರ್ಚಿಯನ್ನು ಹಿಟ್ಟಿನಲ್ಲಿ ಅದ್ದಿ ನಾನೇ ಬಿಟ್ಟೆ, ಎತ್ತುವುದು ಅವರ ಕೆಲಸ. ಎಣ್ಣೆ ಸೋಸಿ ಭಜಿ ಎತ್ತುವ ಝಾರಿಯನ್ನು ಬಲಗೈಯಲ್ಲಿ ಇಟ್ಟು, ಬೆರಳು ಮಡಚಿ ಕೊಟ್ಟೆ. ಅವರು ಎಡಗೈಯಿಂದ ಮಣಿಕಟ್ಟು ಹಿಡಿದರು. ಭಜಿ ಹೊಂಬಣ್ಣವಾಯಿತು, ಕೆಂಪಾಯಿತು. ಝಾರಿ ಎಣ್ಣೆಯ ಮೇಲೆ ನಡುಗುತ್ತ ಅದರ ಬೆನ್ನು ಹತ್ತುತ್ತಿತ್ತು. ಭಜಿ ಕರಿಯಾಗುವ ಹೊತ್ತಿಗೆ ಕೈ ಸಡಿಲಿ ಝಾರಿ ಕಡಾಯಿಗೆ ಬಿತ್ತು. ಎಣ್ಣೆ ನನ್ನ ಮುಂಗೈಗೆ ಸಿಡಿಯಿತು.

ಏನಿಲ್ಲ, ಏನಿಲ್ಲ ಎಂದು ಸೆರಗು ಮುಚ್ಚಿಕೊಂಡೆ. ಈ ಕೆಲಸದಲ್ಲಿ ಎಣ್ಣೆ ಸಿಡಿಯುವುದು ನನಗೇನು ಹೊಸದೇ? ಆದರೆ ಅವರು ನೋಡಿಬಿಟ್ಟಿದ್ದರು. ಸಾಹೇಬರು ಒಲೆ ಆರಿಸಿದರು. ಒಲೆಯ ಪಾಲಿನ ಭಜಿ ಎಣ್ಣೆಯಲ್ಲೇ ಇದ್ದಿಲಾಗಿ ತೇಲುತ್ತಿತ್ತು. ಅದನ್ನು ಡಬ್ಬಿಗೆ ಹಾಕುವ ಧೈರ್ಯ ನಮ್ಮ ಮೂವರಲ್ಲಿ ಯಾರಿಗೂ ಆಗಲಿಲ್ಲ.

ಅದಾದ ಮೇಲೆ ಕೆಲವು ದಿನ ಅವರು ಫೋನ್ ಮುಟ್ಟಲಿಲ್ಲ. ಮಗಳು ಮುಂದೆ ಹಿಡಿದರೆ ‘ಆತು’ ಎಂದು ಮುಖ ತಿರುಗಿಸುತ್ತಿದ್ದರು. ನನ್ನ ಮುಂಗೈಯ ಬೊಬ್ಬೆ ಒಡೆದು, ಒಣಗಿ, ಕಪ್ಪು ಕಲೆಯಾಯಿತು. ಊಟದ ತಾಟು ಇಡುವಾಗಲೆಲ್ಲ ಅವರ ಕಣ್ಣು ಆ ಕಲೆಯ ಮೇಲೆ ಇರುತ್ತಿತ್ತು.

ಯುಗಾದಿ ಹತ್ತಿರ ಬಂದಿತ್ತು. ಒಂದು ಸಂಜೆ, ಮೊದಲಾಗಿದ್ದರೆ ಗಾಡಿ ತಳ್ಳಿಕೊಂಡು ಹೊರಡುತ್ತಿದ್ದ ಹೊತ್ತಿಗೆ, ಅವರೇ ಕೈ ಚಾಚಿ ಫೋನ್ ಕೇಳಿದರು. ಮಗಳು ಖುಷಿಯಿಂದ ಆಟ ಹಚ್ಚಿಕೊಟ್ಟಳು. ನಾನು ಎದುರಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಅವರು ಬಲಗೈಯನ್ನು ಎತ್ತಿ, ನಿದ್ದೆ ಹೋದ ಮಗುವನ್ನು ಮಲಗಿಸಿದ ಹಾಗೆ, ತೊಡೆಯ ಮೇಲೆ ಇಟ್ಟರು. ಎಡಗೈಯಿಂದ ಆಡತೊಡಗಿದರು.

ಮೊದಲನೆಯದು ಬೆಂದಿತು. ನನ್ನ ಚಾಕು ನಿಂತಿತು. ಅವರು ಡಬ್ಬಿಯ ಕಡೆ ನೋಡಲಿಲ್ಲ. ಮೊದಲ ಭಜಿಯನ್ನು ಎಡಗೈಯಿಂದ ಗಿರಾಕಿಗೆ ಕೊಟ್ಟರು.

ಆಮೇಲೆ ಎಲ್ಲವೂ ಸರಸರನೆ ನಡೆಯಿತು. ಯಾವ ಪಟ್ಟಿಯೂ ಕೆಂಪಾಗಲಿಲ್ಲ, ಯಾರೂ ಸಿಟ್ಟಾಗಿ ಹೋಗಲಿಲ್ಲ. ಚುಕ್ಕಿಗಳು ಒಂದೊಂದಾಗಿ ಹೊತ್ತಿಕೊಂಡವು.

‘ಅವ್ವಾ, ನೋಡಿಲ್ಲೆ, ಅಪ್ಪಗ ಮೂರೂ ಚುಕ್ಕಿ ಬಂದಾವು’ ಎಂದು ಮಗಳು ಚಪ್ಪಾಳೆ ತಟ್ಟಿದಳು. ಆಟ ನಿಮಗೆ ಹೇಗನಿಸಿತು, ಅಭಿಪ್ರಾಯ ತಿಳಿಸಿ ಎಂದು ಫೋನ್ ಕೇಳಿತಂತೆ. ಅಪ್ಪನ ಪರವಾಗಿ ಅವಳೇ ಐದಕ್ಕೆ ಐದೂ ಚುಕ್ಕಿ ಒತ್ತಿದಳು.

ಅವರು ಬಾಗಿಲ ಆಚೆ ತಾಡಪತ್ರಿ ಹೊದ್ದು ನಿಂತಿದ್ದ ಗಾಡಿಯನ್ನು ನೋಡಿದರು. ಆಮೇಲೆ ನನ್ನ ಮುಂಗೈಯನ್ನು, ಆಮೇಲೆ ನನ್ನನ್ನು.

‘ಆತು’ ಎಂದರು.

ಮಗಳು ಇನ್ನೂ ಆ ಚುಕ್ಕಿಗಳನ್ನು ನೋಡಿ ನಗುತ್ತಲೇ ಇದ್ದಳು. ಲಕ್ಷ್ಮೇಶ್ವರದವರಿಗೆ ಫೋನ್ ಹಚ್ಚು ಎಂದು ಅವಳಿಗೆ ಹೇಳಿದೆ.