ಕಡಲಾಚೆ ಉಳಿದ ಕಾಲು

ಬೀದಿಯವರೆಲ್ಲ ಅವನನ್ನು ಹಲ್ಲಣ್ಣ ಎಂದೇ ಕರೆಯುತ್ತಿದ್ದರು. ಅವನ ಹಲ್ಲೇನೂ ಉಬ್ಬಿರಲಿಲ್ಲ. ಅವನು ಊರವರಿಗೆ ಹಲ್ಲು ಮಾಡಿಕೊಡುವವನು, ಅಷ್ಟೆ. ಹಲ್ಲಿನ ಡಾಕ್ಟರ ದವಾಖಾನೆಯ ಹಿಂಬದಿಗೆ ಒಂದು ಕಿರುಕೋಣೆ. ಅಲ್ಲಿ ಕೂತು ಬಾಯಿಯ ಅಚ್ಚಿಗೆ ಗಾರೆ ಹೊಯ್ದು, ಗುಲಾಬಿ ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಅರದಿಂದ ಉಜ್ಜಿ ನುಣುಪು ಮಾಡುವುದು ಅವನ ಕೆಲಸ. ಯಾರ ನಗು ಅಸಲಿ, ಯಾರದು ತನ್ನ ಕೈಯದು ಎಂಬುದು ಅವನಿಗೆ ಗೊತ್ತಿತ್ತು. ಊರ ಬಾಯಿಗಳನ್ನೆಲ್ಲ ಬಲ್ಲವನಾದರೂ ತಾನು ಬಾಯಿ ಬಿಡುವ ಆಸಾಮಿಯಲ್ಲ.

ಅವನ ಇನ್ನೊಂದು ಲೋಕ ಮಲಗುವ ಕೋಣೆಯ ಗೋಡೆಯ ಮೇಲಿತ್ತು. ಹೆಂಡತಿ ಆಳುದ್ದದ ಕನ್ನಡಿ ಬೇಕೆಂದು ಕೇಳಿದ್ದ ಜಾಗದಲ್ಲಿ ಅವನು ಹಲಗೆಗಳನ್ನು ಹೊಡೆದು, ರೂಪ ಬದಲಿಸುವ ರೋಬೋಟ್ ಆಟಿಕೆಗಳನ್ನು ನಿಲ್ಲಿಸಿದ್ದ. ಈಗ ನೋಡಿದರೆ ಕಾರು; ಬಾಗಿಲು ಎಳೆದು, ಚಕ್ರ ಮಡಚಿ, ಸೊಂಟ ತಿರುಗಿಸಿದರೆ ಕೈಕಾಲು ಬಂದು ಎದೆಯುಬ್ಬಿಸಿ ನಿಲ್ಲುವ ವೀರ. ಭಾವಮೈದುನ ಬಂದಾಗಲೆಲ್ಲ ಒಂದನ್ನು ಎತ್ತಿ ಹಿಡಿದು, "ಭಾವ, ಮೀಸೆ ಹಣ್ಣಾಯ್ತು, ನೀವು ಮಾತ್ರ ಇನ್ನೂ ಕಾಯೇ ನೋಡಿ" ಎನ್ನುತ್ತಿದ್ದ. ಹಲ್ಲಣ್ಣ ನಕ್ಕು, ಅವನ ಕೈಯಿಂದ ಮೆಲ್ಲಗೆ ಆಟಿಕೆ ಬಿಡಿಸಿಕೊಂಡು ಮತ್ತೆ ಅದರ ಜಾಗದಲ್ಲೇ ಇಡುತ್ತಿದ್ದ.

ಈ ಗೀಳು ಹತ್ತಿದ್ದು ಶಾಲೆಯಲ್ಲಿ. ಹಡಗಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪನಿದ್ದ ಹುಡುಗನೊಬ್ಬ ಒಂದು ದಿನ ಕೆಂಪು ಅಗ್ನಿಶಾಮಕ ಗಾಡಿಯೊಂದನ್ನು ತಂದಿದ್ದ. ಎಲ್ಲರ ಕಣ್ಣೆದುರೇ ಅದನ್ನು ಮನುಷ್ಯನನ್ನಾಗಿ ಮಾಡಿ ತೋರಿಸಿದ. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಮುಟ್ಟಿ ನೋಡಿದರು. ಇವನ ಸರದಿ ಬಂದು, ಏಣಿಯ ತುದಿಗೆ ಬೆರಳು ತಗುಲಿತೋ ಇಲ್ಲವೋ, ಗಂಟೆ ಹೊಡೆಯಿತು. ಆಮೇಲೆ ಆ ಹುಡುಗ ಅದನ್ನು ಮತ್ತೆ ತರಲೇ ಇಲ್ಲ. ಮನೆಗೆ ಬಂದು ಅತ್ತು ಕರೆದಾಗ ಅಪ್ಪ ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಅಂಥವು ನಮ್ಮ ಕಡೆ ಸಿಗಲ್ಲಪ್ಪ, ದೂರದ್ದು" ಎಂದಿದ್ದರು. ದೂರದ್ದು ಎಂಬ ಆ ಮಾತು ಹುಡುಗನ ಮನಸ್ಸಿನಲ್ಲಿ ನಾಟಿಬಿಟ್ಟಿತ್ತು.

ದೊಡ್ಡವನಾಗಿ, ಮದುವೆಯಾಗಿ, ಮಗಳು ಕಾಲೇಜು ಸೇರಿ, ಅವಳೇ ಫೋನಿನಲ್ಲಿ ಪರದೇಶದ ಅಂಗಡಿಗಳನ್ನು ತೆರೆದು ತೋರಿಸಿದ ಮೇಲೆ ಆ ದೂರ ಸ್ವಲ್ಪ ಕರಗಿತು. ತರಿಸಿಕೊಳ್ಳುವುದೇ ಒಂದು ವ್ರತದಂತಾಯಿತು. ಪೊಟ್ಟಣ ಅಲ್ಲಿ ಹೊರಟಿತು, ವಿಮಾನ ಹತ್ತಿತು, ಇಳಿಯಿತು ಎಂದು ಫೋನು ಹೇಳುವುದು. ಇವನು ಗಾರೆ ಮೆತ್ತಿದ ಕೈಯಲ್ಲೇ ಅದನ್ನು ಸವರಿ ಸವರಿ ನೋಡುವುದು. ಎಲ್ಲ ಸರಾಗವಾಗಿ ಬಂದು ಕಡೆಗೆ ಸುಂಕದ ಕಟ್ಟೆಯಲ್ಲಿ ಕೂತುಬಿಡುತ್ತಿತ್ತು. ಒಮ್ಮೆ ಆ ಕಚೇರಿಗೇ ಹೋಗಿ ಇದು ಆಟಿಕೆ ಸ್ವಾಮಿ, ಯಂತ್ರವಲ್ಲ ಎಂದು ವಿವರಿಸಿ ಬಂದ. "ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡು ಬಂದ್ರಾ?" ಎಂದು ಹೆಂಡತಿ ನಕ್ಕಳು. ಅವಳಿಗೆ ಇದೆಲ್ಲ ಹುಚ್ಚೆನಿಸಿದರೂ ಪೊಟ್ಟಣ ಬಂದ ದಿನ ಕತ್ತರಿ ಹುಡುಕಿ ತರುವವಳು ಅವಳೇ.

ಹೀಗಿರುವಾಗ ಹಳೆಯ ಸಾಮಾನು ಮಾರುವ ಪುಟವೊಂದರಲ್ಲಿ ಅವನ ಕಣ್ಣಿಗೆ ಆರು ವಾಹನಗಳ ಒಂದು ಪಡೆ ಬಿತ್ತು. ಅಗ್ನಿಶಾಮಕ ಗಾಡಿ, ಆಂಬುಲೆನ್ಸು, ಪೊಲೀಸ್ ಕಾರು, ಹೆಲಿಕಾಪ್ಟರು, ಕ್ರೇನು, ಮತ್ತು ಕೆಟ್ಟು ನಿಂತ ವಾಹನಗಳನ್ನು ಎಳೆದೊಯ್ಯುವ ಹಳದಿ ಲಾರಿ. ಆರೂ ಬೇರೆ ಬೇರೆ ರೋಬೋಟ್‌ಗಳು. ಆರೂ ಸೇರಿದರೆ ಒಬ್ಬನೇ ದೈತ್ಯ. ತಯಾರಿಕೆ ನಿಂತು ಎಷ್ಟೋ ಕಾಲವಾಗಿತ್ತು. ಚಿತ್ರದಲ್ಲಿ ಆರೂ ಇದ್ದವು, ಮಾರಾಟಕ್ಕೆ ಇದ್ದದ್ದು ಐದೇ. ಮಾರುವವಳು ಕಡಲಾಚೆಯ ಯಾವುದೋ ಪಟ್ಟಣದ ಮುದುಕಿ. ಗಂಡ ತೀರಿಕೊಂಡಿದ್ದ, ಅವನ ಸಂಗ್ರಹವನ್ನು ಒಂದೊಂದಾಗಿ ಮಾರುತ್ತಿದ್ದಳು. ಇವನು ಒಂದೊಂದಾಗಿ ಕೊಳ್ಳತೊಡಗಿದ.

ಅವಳ ಭಾಷೆ ಇವನಿಗೆ ಬಾರದು, ಇವನದು ಅವಳಿಗೆ ಬಾರದು. ನಡುವೆ ಫೋನು ಮಾಡುವ ಅನುವಾದವೇ ದುಭಾಷಿ, ಅದೂ ಅರೆಕಿವುಡ. "ನಿಮ್ಮ ಬೆಂಕಿ ನೀರು ಕುಡಿದು ಹೊರಟಿದೆ" ಎಂಬ ಸಂದೇಶ ಬಂದಾಗ ಮನೆಮಂದಿ ತಲೆ ಕೆಡಿಸಿಕೊಂಡು ಕಡೆಗೆ, ಅಗ್ನಿಶಾಮಕ ಗಾಡಿಯನ್ನು ಅಂಚೆಗೆ ಹಾಕಿದ್ದಾಳೆ ಎಂದು ಅರ್ಥ ಮಾಡಿಕೊಂಡರು. ಮಗಳು ಹೊಟ್ಟೆ ಹಿಡಿದು ನಕ್ಕಳು. ಹಲ್ಲಣ್ಣ ಮಾತ್ರ ಗಾಡಿ ಕೈಸೇರಿದ ದಿನ ಗಂಭೀರವಾಗಿ, "ನಿಮ್ಮ ಬೆಂಕಿ ಕ್ಷೇಮವಾಗಿ ತಲುಪಿತು" ಎಂದು ಉತ್ತರ ಬರೆದ.

ತಲುಪಿದ್ದನ್ನು ಬಿಚ್ಚಿ ನೋಡುವಾಗ ಅವನಿಗೆ ಆ ಗಂಡನ ಕೈ ಕಂಡಿತು. ಸಡಿಲವಾದ ಮಂಡಿಯೊಳಗೆ ತೆಳ್ಳನೆಯ ಕಾಗದದ ಚೂರು ಇಟ್ಟು ಬಿಗಿ ಮಾಡಿದ್ದ. ಮುರಿದ ಏಣಿಯ ಮೆಟ್ಟಿಲೊಂದನ್ನು ಹೊಸದಾಗಿ ಕೊರೆದು ಅಂಟಿಸಿ, ಅಂಚನ್ನು ಒಂದೇ ದಿಕ್ಕಿಗೆ ಉಜ್ಜಿದ್ದ. ಹಲ್ಲಣ್ಣ ಆ ಅಂಚಿನ ಮೇಲೆ ಬಹಳ ಹೊತ್ತು ಹೆಬ್ಬೆರಳಾಡಿಸಿದ. ತನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಕೆಲಸ ಮಾಡಬೇಕಿದ್ದ ಒಬ್ಬ ಜೊತೆಗಾರ, ತಾನು ಬರುವ ಮೊದಲೇ ಎದ್ದು ಹೋದ ಹಾಗೆ ಅನ್ನಿಸಿತು.

ಅದನ್ನೇ ಬರೆದ. ಅವಳ ಉತ್ತರ ಬಂತು: "ಅವರು ಊಟದ ಮೇಜಿನ ಮೇಲೆ ಇದನ್ನು ಹರಡುತ್ತಿದ್ದರು. ನಾನು ಬೈಯುತ್ತಿದ್ದೆ. ಈಗ ಮೇಜು ಸ್ವಚ್ಛವಾಗಿದೆ. ನನಗೆ ಆ ಮೇಜು ಹಿಡಿಸುವುದಿಲ್ಲ."

ಅಂದಿನಿಂದ ಇಬ್ಬರ ನಡುವೆ ಮಾತು ಬೆಳೆಯಿತು. ಅವಳು ಕಿಟಕಿಯಾಚೆಯ ಮಂಜು ಬಿದ್ದ ರಸ್ತೆಯ ಚಿತ್ರ ಕಳಿಸುವಳು; ಇವನು ಅಂದು ಮುಗಿಸಿದ ಹಲ್ಲಿನ ಸೆಟ್ಟಿನ ಚಿತ್ರ ಕಳಿಸುವನು. "ಇವು ನಗುತ್ತಿವೆ" ಎಂದು ಅವಳು ಬರೆಯುವಳು. ಐದನೆಯ ಪೊಟ್ಟಣವೂ ಬಂತು. ಐದನ್ನೂ ಜೋಡಿಸಿದರೆ ದೈತ್ಯನಿಗೆ ಎದೆ, ತಲೆ, ಎರಡು ತೋಳು, ಎಡಗಾಲು. ಬಲಗಾಲಿನ ಜಾಗ ಖಾಲಿ. ಗೋಡೆಗೆ ಒರಗಿಸಿದರೆ ಮಾತ್ರ ನಿಲ್ಲುತ್ತಿದ್ದ.

ಹಳದಿ ಲಾರಿಯನ್ನೂ ಕೊಡುವಿರಾ ಎಂದು ಕೇಳಿದ. ಇಲ್ಲ ಎಂದಳು. ಅವಳ ಗಂಡ ಜೀವಮಾನವೆಲ್ಲ ಓಡಿಸಿದ್ದು ಅಂಥದೇ ಗಾಡಿ. ಆ ಆಟಿಕೆ ಕೊನೆಯವರೆಗೂ ಅವನ ಕೋಟಿನ ಜೇಬಿನಲ್ಲಿತ್ತು. ಹಲ್ಲಣ್ಣನಿಗೆ ಅರ್ಥವಾಯಿತು. ಅರ್ಥವಾದರೂ ಆಸೆ ಬಿಡಲಿಲ್ಲ. ಕೈಯಲ್ಲಿ ಕೆಲಸವಿದ್ದರೂ ಕಣ್ಣೆದುರು ಹಳದಿ ಬಣ್ಣವೇ ಸುಳಿಯುತ್ತಿತ್ತು. ಕೆಲವು ವಾರ ತಡೆದು, ತಡೆಯಲಾರದೆ, ನನ್ನಲ್ಲಿರುವುದರಲ್ಲಿ ನಿಮಗಿಷ್ಟವಾದ ಯಾವುದನ್ನಾದರೂ ಬದಲಿಗೆ ಕಳಿಸುತ್ತೇನೆ ಎಂದು ಬರೆದುಬಿಟ್ಟ.

ಉತ್ತರ ಬರಲಿಲ್ಲ. ಮಂಜಿನ ಚಿತ್ರಗಳೂ ನಿಂತವು.

"ಇಲ್ಲ ಅಂದವರನ್ನ ಎರಡನೇ ಸಲ ಯಾಕ್ ಕೇಳಿದ್ರಿ?" ಎಂದಳು ಹೆಂಡತಿ. "ನನ್ನ ಕನ್ನಡಿ ಜಾಗ ಕಿತ್ಕೊಂಡ ಹಾಗೆ ಅಲ್ಲ ಇದು. ಅದು ಆಕೆ ಗಂಡನ ನೆನಪು."

"ಗೊತ್ತು ಕಣೆ."

"ಗೊತ್ತಿದ್ದೂ ಕೇಳಿದ್ರಾ?"

"ಗೊತ್ತಿದ್ದೇ ಕೇಳ್ದೆ. ಆಸೆ ಅನ್ನೋದು ಗೊತ್ತಾದ್ರೆ ನಿಲ್ಲತ್ತಾ?"

ಆದರೂ ಅವನು ಮುದುಕಿಗೆ ಕ್ಷಮೆ ಕೇಳಿ ಬರೆದ. ಆಮೇಲೆ ಲಾರಿಗಿಂತ ಆ ಮುದುಕಿಯ ಮಾತಿಗಾಗಿಯೇ ಹೆಚ್ಚು ಕಾದ. ದವಾಖಾನೆಯಲ್ಲಿ ಯಾರದೋ ಫೋನು ಗುಂಯ್‌ಗುಟ್ಟಿದರೂ ಇವನ ಕೈ ಜೇಬಿಗೆ ಹೋಗುತ್ತಿತ್ತು.

ಚಳಿಗಾಲ ಕಳೆದ ಮೇಲೆ ಒಂದು ಸಂದೇಶ ಬಂತು. ಅವಳು ಜಾರಿ ಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಳಂತೆ. ಫೋನು ಮನೆಯಲ್ಲೇ ಉಳಿದಿತ್ತಂತೆ. ಕೋಪವಿಲ್ಲ. ಕಡೆಗೆ ಹೀಗಿತ್ತು: "ನಿಮ್ಮ ದೈತ್ಯ ನಿಂತಿದ್ದಾನೆಯೇ? ಆರೂ ರಿಪೇರಿಯಾದ ಮೇಲೆ ಜೋಡಿಸಿ ತೋರಿಸುತ್ತೇನೆ ಎಂದು ನನ್ನ ಗಂಡ ಹೇಳಿದ್ದರು. ನಾನು ನೋಡಿಯೇ ಇಲ್ಲ."

ಮಗಳು ವಿಡಿಯೋ ಕರೆಗೆ ಏರ್ಪಾಡು ಮಾಡಿದಳು. ರಜೆಯ ದಿನ, ಇಲ್ಲಿ ಮಟಮಟ ಮಧ್ಯಾಹ್ನ, ಅಲ್ಲಿ ಬೆಳಗು. ಪರದೆಯ ಮೇಲೆ ಬಿಳಿಗೂದಲಿನ, ದಪ್ಪ ಕನ್ನಡಕದ ಮುಖವೊಂದು ಮೂಡಿತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೈ ಬೀಸಿದರು. ಬೇರೇನು ಹೇಳಲು ಬಂದೀತು? ಹಲ್ಲಣ್ಣ ಫೋನಿನೆದುರು ಐದನ್ನೂ ಒಂದೊಂದಾಗಿ ಬಿಚ್ಚಿ, ತಿರುವಿ, ಟಕ್ ಟಕ್ ಎಂದು ಕೂಡಿಸಿ ದೈತ್ಯನನ್ನು ಎಬ್ಬಿಸಿದ. ಬಲಗಡೆ ಬೀಳದಂತೆ ತನ್ನ ಬೆರಳನ್ನೇ ಆನಿಸಿದ. ಅವಳು ಬಾಯಿಗೆ ಕೈ ಇಟ್ಟುಕೊಂಡಳು. ಆಮೇಲೆ ಹಳದಿ ಲಾರಿಯನ್ನು ಎತ್ತಿ ತೋರಿಸಿ, ಅದನ್ನು ತಿರುಗಿಸುವಂತೆ ಸನ್ನೆ ಮಾಡಿ, ಗೊತ್ತಿಲ್ಲ ಎಂದು ತಲೆಯಾಡಿಸಿದಳು.

"ಅಪ್ಪಾ, ಅವರಿಗೆ ಅದನ್ನ ಕಾಲು ಮಾಡೋಕೆ ಬರಲ್ಲ ಅಂತೆ," ಎಂದಳು ಮಗಳು.

ಹಲ್ಲಣ್ಣ ಆ ಲಾರಿಯನ್ನು ಮುಟ್ಟಿದವನಲ್ಲ. ಆದರೆ ಅದರ ಚಿತ್ರಗಳನ್ನು ಬಾಯಿಪಾಠವಾಗುವಷ್ಟು ನೋಡಿದ್ದ. ಗಾಳಿಯಲ್ಲೇ ಕೈಯಾಡಿಸಿ ತೋರಿಸಿದ: ಕೊಕ್ಕೆಯನ್ನು ಹಿಂದಕ್ಕೆ, ಮುಂಭಾಗವನ್ನು ಕೆಳಕ್ಕೆ, ಚಕ್ರಗಳನ್ನು ಒಳಕ್ಕೆ. ಅವಳು ನೋಡಿ ನೋಡಿ ಹಾಗೆಯೇ ಮಾಡತೊಡಗಿದಳು. ಒಂದು ಕಡೆ ಬಿಗಿಯಾಗಿ ಸಿಕ್ಕಿಕೊಂಡಾಗ ಮುರಿದೀತೆಂದು ಹೆದರಿ ಬಿಟ್ಟುಬಿಟ್ಟಳು.

"ಹೆದರಬೇಡಿ ತಾಯಿ, ಒತ್ತಿ. ನಿಮ್ಮ ಯಜಮಾನರು ಗಟ್ಟಿ ಮಾಡಿಟ್ಟಿದ್ದಾರೆ," ಎಂದ ತನ್ನ ಭಾಷೆಯಲ್ಲೇ. ಅವಳಿಗೇನು ಕೇಳಿಸಿತೋ, ಒತ್ತಿದಳು. ಟಕ್ ಎಂಬ ಸದ್ದು ಇಲ್ಲಿಗೂ ಕೇಳಿಸಿತು. ಲಾರಿ ಹೋಗಿ ಕಾಲು ಬಂದಿತ್ತು. ಅವಳು ಅದನ್ನು ತನ್ನ ಪರದೆಗೆ, ದೈತ್ಯನ ಖಾಲಿ ಜಾಗದ ಪಕ್ಕಕ್ಕೆ, ಹಿಡಿದಿರಬೇಕು. ಇವರ ಫೋನಿನ ತುಂಬ ಹಳದಿಯೇ ಹಳದಿ. ಆ ಹಳದಿಯ ಹಿಂದೆ ಅವಳು ಅಳುವುದು ಕೇಳಿಸುತ್ತಿತ್ತು. ಹಲ್ಲಣ್ಣನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಬೆರಳು ತೆಗೀಬೇಡಿ, ಬಿದ್ದುಬಿಡತ್ತೆ" ಎಂದು ಗಂಡನನ್ನು ಗದರಿದಳು.

ಅದಾಗಿ ಒಂದೆರಡು ತಿಂಗಳಿಗೆ ಮಗಳು ಬೇರೊಂದು ದೇಶದ ಅಂಗಡಿಯಲ್ಲಿ ಅಂಥದೇ ಹಳದಿ ಲಾರಿಯನ್ನು ಪತ್ತೆ ಹಚ್ಚಿದಳು. ತರಿಸಿದರು. ಮಾಸದ, ಗೀರಿಲ್ಲದ ಸೊಗಸಾದ ಸಾಮಾನು. ಸರಿಯಾಗಿ ಕೂತಿತು. ದೈತ್ಯ ಯಾರ ಹಂಗೂ ಇಲ್ಲದೆ ಎರಡು ಕಾಲ ಮೇಲೆ ನಿಂತ. ಭಾವಮೈದುನ ಕೂಡ ಶಿಳ್ಳೆ ಹಾಕಿದ. ಹಲ್ಲಣ್ಣ ಹಿಗ್ಗಿದ, ಸುಳ್ಳೇನಲ್ಲ. ಆದರೆ ಸಂಜೆ ಕೆಲಸದಿಂದ ಬಂದು ಕೋಣೆಗೆ ಹೋದಾಗ ನೆಟ್ಟಗೆ ನಿಂತವನನ್ನು ಒಮ್ಮೆ ನೋಡಿ, ಫೋನು ತೆಗೆದು, ಕಿಟಕಿಯ ದಂಡೆಯ ಮೇಲೆ ಅವಳಿಟ್ಟಿದ್ದ ಸವೆದ ಲಾರಿಯ ಚಿತ್ರವನ್ನೇ ನೋಡುತ್ತ ಕೂರುತ್ತಿದ್ದ. ತನಗೆ ಬೇಕಾಗಿದ್ದದ್ದು ಇದೋ, ಆ ಸವೆದ ಲಾರಿಯೋ ಎಂದು ಅವನಿಗೇ ಬಗೆಹರಿಯುತ್ತಿರಲಿಲ್ಲ.

ಒಂದು ದಿನ ಅವಳು ದೈತ್ಯನ ಚಿತ್ರ ಕೇಳಿದಳು. ಹಲ್ಲಣ್ಣ ಎದ್ದು ಹೊಸ ಬಲಗಾಲನ್ನು ಕಳಚಿ ಪಕ್ಕಕ್ಕಿಟ್ಟು, ದೈತ್ಯನನ್ನು ಗೋಡೆಗೆ ಒರಗಿಸಿ ಚಿತ್ರ ತೆಗೆದ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಇದೇನ್ರೀ, ಆಕೆಗೆ ಸುಳ್ಳು ಹೇಳ್ತೀರಾ?" ಎಂದಳು.

"ಸುಳ್ಳೇನಿಲ್ಲ. ಅವರ ಕಾಲು ಅಲ್ಲೇ ಇದೆ ತಾನೆ."

ಚಿತ್ರ ನೋಡಿದ ಮುದುಕಿಯ ಉತ್ತರ ಬೇಗನೆ ಬಂತು: "ಬೇಸಿಗೆಯಲ್ಲಿ ನನ್ನ ಸೊಂಟ ಒಪ್ಪಿದರೆ ನಾನೇ ಅದನ್ನು ತರುತ್ತೇನೆ. ಒಂದು ದಿನ ಜೋಡಿಸಿ ನೋಡೋಣ. ಆಮೇಲೆ ವಾಪಸು ತೆಗೆದುಕೊಂಡು ಹೋಗುತ್ತೇನೆ."

ಹಲ್ಲಣ್ಣ ಅದನ್ನು ಗಟ್ಟಿಯಾಗಿ ಓದಿದ. ಕೋಲೂರಿ ಅಡುಗೆಮನೆಯಿಂದ ಕಿಟಕಿಯವರೆಗೆ ನಡೆಯುವುದೇ ಅವಳಿಗೆ ಕಷ್ಟವೆಂದು ಮನೆಯವರಿಗೆಲ್ಲ ಗೊತ್ತಿತ್ತು.

"ಬಂದ್ರೆ ಎಲ್ಲಿ ಮಲಗಿಸೋದು?" ಎಂದಳು ಹೆಂಡತಿ. "ಹಾಲ್‌ನಲ್ಲಿ ಫ್ಯಾನು ಸದ್ದು ಮಾಡತ್ತೆ."

"ನನ್ನ ಕೋಣೆ ಕೊಡ್ತೀನಿ," ಎಂದಳು ಮಗಳು. "ಮಂಚ ಎತ್ತರ ಇದೆ, ಸೊಂಟಕ್ಕೆ ಒಳ್ಳೇದು."

"ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಒಂದು ಕಂಬಿ ಬೇಕು," ಎಂದು ಹಲ್ಲಣ್ಣ ಎದ್ದು ಹೋಗಿ ಬಚ್ಚಲ ಗೋಡೆಯನ್ನು ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿ ನೋಡತೊಡಗಿದ. ಎಲ್ಲಿ ಹೊಡೆದರೆ ಮೊಳೆ ಗಟ್ಟಿಯಾಗಿ ಹಿಡಿದೀತು ಎಂದು ಕಿವಿಗೊಟ್ಟು ಕೇಳುತ್ತಿದ್ದ.