ಹುಡ್ ಚೌಡಪ್ಪನವರ ಕತ್ತರಿ

2004ರ ಮಾರ್ಚ್ 7, ಭಾನುವಾರ. ಬೆಳಿಗ್ಗೆ 10.10ಕ್ಕೆ ಕೆಲಸ ಶುರು. ಜಾಗ: ಕಲ್ಯಾಣದುರ್ಗ, ಡಾಕ್ಟರಮ್ಮನವರ ಮನೆಯ ಅಂಗಳ. ಮೇಸ್ತ್ರಿ ಬಾಯಿಗೆ ಹಾಕಿಕೊಂಡ ಮೊಳೆ: 22.

ನನ್ನ ದಿನಚರಿಯಲ್ಲಿ ಅವತ್ತಿನ ಪುಟ ಹೀಗೆ ಆರಂಭವಾಗುತ್ತದೆ. ಹುಡ್ ಚೌಡಪ್ಪನವರನ್ನು ನೆನೆದರೆ ನನಗೆ ಮೊದಲು ಕಾಣುವುದೇ ಆ ಬಾಯಿ. ಅರ್ಧ ಅಂಗುಲದ ಸಣ್ಣ ಮೊಳೆಗಳನ್ನು ಎಲೆಅಡಿಕೆ ಹಾಕಿಕೊಳ್ಳುವ ಹಾಗೆ ಬಾಯಿಗೆ ಹಾಕಿ ಎಡಗೆನ್ನೆಯಲ್ಲಿ ಒತ್ತರಿಸಿಕೊಳ್ಳುತ್ತಿದ್ದರು. ನಾಲಗೆಯಿಂದಲೇ ಒಂದನ್ನು ತಿರುಗಿಸಿ ತುಟಿಗೆ ತರುತ್ತಿದ್ದರು. ಸುತ್ತಿಗೆಯ ಮೂತಿ ಅಯಸ್ಕಾಂತದ್ದು. ತುಟಿಗೆ ಮುಟ್ಟಿಸಿದರೆ ಮೊಳೆ ಅದಕ್ಕೆ ಅಂಟುತ್ತಿತ್ತು, ಒಂದೇ ಪೆಟ್ಟಿಗೆ ಮರದಲ್ಲಿ ಕೂರುತ್ತಿತ್ತು. ಎಡಗೈ ಬಟ್ಟೆಯನ್ನು ಎಳೆದು ಹಿಡಿದೇ ಇರಬೇಕಾದ ಕೆಲಸದಲ್ಲಿ ಬಾಯಿ ಅವರ ಮೂರನೆಯ ಕೈ. ಮೊಳೆ ಇರುವಷ್ಟು ಹೊತ್ತು ಮಾತಿಲ್ಲ, ಯಾರು ಏನು ಕೇಳಿದರೂ "ಊಂ". ಹೌದು ಎನ್ನುವ ಊಂ, ಇಲ್ಲ ಎನ್ನುವ ಊಂ, ಆಮೇಲೆ ಬಾ ಎನ್ನುವ ಊಂ ಮೂರೂ ಬೇರೆ ಬೇರೆ. ಅವನ್ನು ಬಿಡಿಸಿಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು.

ನಾನು ಆಗ ಹಿಂದೂಪುರದ ಒಂದು ರೆಕ್ಸಿನ್ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ವಯಸ್ಸು ಇಪ್ಪತ್ತೆರಡು. ಚೌಡಪ್ಪನವರದು ಪಕ್ಕದ ಮಳಿಗೆ. ಆಟೋಗಳ ಟಾಪು, ಜೀಪುಗಳ ಹುಡ್ಡು, ಬಸ್ಸುಗಳ ಸೀಟು ಹೊಲಿಯುತ್ತಿದ್ದರು. ಅಷ್ಟೊಂದು ಬಸ್ಸುಗಳ ಸೀಟು ಹೊಲಿದ ಮನುಷ್ಯ ಬಸ್ಸು ಹತ್ತಿದರೆ ಮುಂದಿನ ಊರು ಸೋಮಂದೇಪಲ್ಲಿ ಬರುವಷ್ಟರಲ್ಲಿ ವಾಂತಿ ಮಾಡುತ್ತಿದ್ದರು. ಕೇಳಿದರೆ, "ಸೀಟು ಹೊಲಿಯಾದು ನನ್ ಕೆಲ್ಸ ಕಣಮ್ಮ, ಕೂತ್ಕಳಾದು ನಿಮ್ದು" ಎನ್ನುತ್ತಿದ್ದರು.

ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವ ನನಗೆ ಅವರು ಬುಕ್ಕಮ್ಮ ಎಂದು ಹೆಸರಿಟ್ಟಿದ್ದರು.

"ಏನ್ ಬುಕ್ಕಮ್ಮಾ, ಇವತ್ತು ನಾನು ಎಷ್ಟ್ ಸಲ ಕೆಮ್ಮಿದೆ, ಬರ್ಕಂಡ್ಯಾ?"

"ಹನ್ನೊಂದು ಮೇಸ್ತ್ರೀ."

"ಬಿಡು, ಆಸ್ಪತ್ರೆಗೆ ನಾನ್ಯಾಕೆ ಹೋಗ್ಲಿ, ನಿನ್ನೇ ಕಳಿಸ್ತೀನಿ."

ಅವರಲ್ಲಿ ತಂದೆಯ ಕಾಲದ ಒಂದು ಕಬ್ಬಿಣದ ಕತ್ತರಿಯಿತ್ತು. ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ್ದರು. ಸಂಜೆ ಎಣ್ಣೆಬಟ್ಟೆಯಿಂದ ಒರೆಸಿ ಗೋಡೆಯ ಮೊಳೆಗೆ ನೇತುಹಾಕುತ್ತಿದ್ದರು. ಒಮ್ಮೆ ನಾನು ಬಿಲ್ಲಿನ ಕಾಗದ ಕತ್ತರಿಸಲೆಂದು ಅದಕ್ಕೆ ಕೈಹಾಕಿದ್ದೆ. "ಇಡು ಇಡು! ಕಾಗ್ದ ತಿಂದ್ರೆ ಅದ್ರ ಹಲ್ಲು ಹೋಯ್ತದೆ" ಎಂದು ಕೂಗಿಬಿಟ್ಟರು. ಅವರು ನನ್ನ ಮೇಲೆ ದನಿಯೆತ್ತಿದ್ದು ಅದೊಂದೇ ಸಲ.

ಆ ವರ್ಷದ ಜನವರಿ 28ರಂದು ಡಾಕ್ಟರಮ್ಮ ಹಿಂದೂಪುರಕ್ಕೆ ಬಂದರು. ಎಪ್ಪತ್ತು ದಾಟಿದವರು. ಒಂದು ಕಾಲದಲ್ಲಿ ತಾವೇ ಕಾರು ಓಡಿಸಿಕೊಂಡು ಹಳ್ಳಿಹಳ್ಳಿಗೆ ಹೋಗಿ ಹೆರಿಗೆ ಮಾಡಿಸಿದವರು. ನನ್ನೂರು ಕಲ್ಯಾಣದುರ್ಗದ ಹತ್ತಿರದ ಬ್ರಹ್ಮಸಮುದ್ರ. ನಾನು ಹುಟ್ಟಿದ್ದೂ ಅವರ ಕೈಯಲ್ಲೇ ಎಂದು ಅಮ್ಮ ಹೇಳುತ್ತಿದ್ದಳು. ಅವರ ಕಾರು ಇಂಗ್ಲೆಂಡಿನಲ್ಲಿ ತಯಾರಾದದ್ದು, ಎರಡು ಬಾಗಿಲಿನದು, ಬೇಕೆಂದಾಗ ಮಡಿಸಿ ಹಿಂದಕ್ಕೆ ಹಾಕಬಹುದಾದ ಬಟ್ಟೆಯ ಟಾಪಿನದು. ಕಾರು ಒಂಬತ್ತು ವರ್ಷ ನಿಂತಲ್ಲೇ ನಿಂತಿದ್ದಾಗ ಆ ಟಾಪನ್ನು ಇಲಿಗಳು ಪೂರಾ ತಿಂದುಹಾಕಿದ್ದವು. ಡಾಕ್ಟರಮ್ಮ ಮದರಾಸಿನ ಹಳೆ ಸಾಮಾನಿನ ವ್ಯಾಪಾರಿಯೊಬ್ಬನಿಂದ ಹೊಸ ಬಟ್ಟೆ ತರಿಸಿದ್ದರು. ಕಪ್ಪು, ದಪ್ಪ, ನಡುವೆ ರಬ್ಬರಿನ ಪದರ. ಇದೇ ಕಡೆಯ ತುಂಡು, ಮತ್ತೆ ಬರುವುದಿಲ್ಲ ಎಂದು ಆತ ಹೇಳಿ ಕಳಿಸಿದ್ದನಂತೆ.

"ಆಗುತ್ತೇನಯ್ಯಾ ಚೌಡಪ್ಪಾ? ಕಣ್ಣಿನ ಆಪರೇಷನ್ ಆದಮೇಲೆ ಬಿಸಿಲು ತಡೆಯಕ್ಕಾಗಲ್ಲ. ಟಾಪಿಲ್ಲದೆ ನಾನು ಆ ಕಾರು ಹತ್ತೋ ಹಂಗಿಲ್ಲ" ಎಂದರು.

ಜೊತೆಗೆ ಬಂದಿದ್ದ ಅವರ ತಮ್ಮನ ಮಗ ಮುರಳಿ ನಕ್ಕುಬಿಟ್ಟ. "ಆಟೋಗೆ ಟಾಪ್ ಹೊಲಿಯೋರ ಕೈಗೆ ಇದನ್ನ ಕೊಡ್ತೀಯಾ ಅತ್ತೇ? ಬೆಂಗಳೂರ್ಗೆ ಕಳ್ಸಿದ್ರೆ ಆಯ್ತಿತ್ತು."

ಚೌಡಪ್ಪನವರು ಗೋಡೆಯಿಂದ ಕತ್ತರಿ ತೆಗೆದು ಡಾಕ್ಟರಮ್ಮನ ಮುಂದೆ ಮೆಷೀನಿನ ಹಲಗೆಯ ಮೇಲಿಟ್ಟರು. "ನಿಮ್ ಮುಂದೆ ಹೇಳ್ತೀನಿ ತಾಯಿ. ನಾನು ಕತ್ರಿಸಿದ್ದು ಒಂದ್ ಬೆರಳು ಗಿಡ್ಡ ಬಂದ್ರೆ ಇನ್ ಈ ಕತ್ರಿ ಮುಟ್ಟಾಕಿಲ್ಲ. ಚೌಡಮ್ಮನಾಣೆ."

ಮುರಳಿಯ ನಗು ನಿಂತಿತು. ಆಣೆಯನ್ನೂ ನಾನು ಬರೆದುಕೊಂಡೆ.

ಕಾರು ರಿಪೇರಿಯಲ್ಲಿತ್ತು, ಹಿಂದೂಪುರಕ್ಕೆ ತರುವಂತಿರಲಿಲ್ಲ. ಅಳತೆ ತೆಗೆಯಲು ಯಾರಾದರೂ ಕಲ್ಯಾಣದುರ್ಗಕ್ಕೇ ಹೋಗಬೇಕು. "ನೀನು ಎಂಗೂ ಊರಿಗೆ ಹೋಯ್ತೀಯಲ್ಲ ಬುಕ್ಕಮ್ಮಾ, ಅಳ್ತೆ ತಕಂಬಾ. ನೂಲೆಳೆ ಬಿಡ್ದಂಗೆ ಬರ್ಕಂಬರಾಕೆ ನಿನ್ನಂತೋರು ಇನ್ನೊಬ್ರಿಲ್ಲ" ಎಂದರು ಮೇಸ್ತ್ರಿ. ನಾನು ಉಬ್ಬಿಹೋದೆ.

ಫೆಬ್ರವರಿ 8, ಭಾನುವಾರ. ಮೂವತ್ತೊಂದು ಅಳತೆ ತೆಗೆದೆ, ಒಂದೊಂದನ್ನೂ ಮೂರು ಸಲ. ಮೂರು ಸಲವೂ ಒಂದೇ ಬಂದರೆ ಮಾತ್ರ ಬರೆದೆ. ಚಕ್ರ, ಸ್ಪ್ರಿಂಗಿನ ಪಟ್ಟಾ ಎಲ್ಲ ಬಿಚ್ಚಿ ರಿಪೇರಿಗೆ ಕಳಿಸಿದ್ದರಿಂದ ಕಾರನ್ನು ನಾಲ್ಕು ಬಂಡೆಕಲ್ಲುಗಳ ಮೇಲೆ ಕೂರಿಸಿದ್ದರು. ಕಲ್ಲುಗಳು ಎಲ್ಲೆಲ್ಲಿದ್ದವೆಂದು ಒಂದು ಚಿತ್ರ ಬರೆದೆ. "ಎಡಬಾಗಿಲು ಬಿಗಿ. ಸೊಂಟದಿಂದ ತಳ್ಳಿದೆ" ಎಂದೂ ಬರೆದೆ. ಕೆಲಸಕ್ಕೆ ಬರುತ್ತದೆಂದೇನೂ ಅಲ್ಲ. ಎಲ್ಲವನ್ನೂ ಬರೆಯುವುದು ನನ್ನ ಚಾಳಿ.

ಮೇಸ್ತ್ರಿ ಯಾವಾಗಲೂ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟೇ ಕತ್ತರಿಸುವವರು. ಈ ಬಟ್ಟೆಯಲ್ಲಿ ಅಂಚು ಮಡಿಸುವುದಕ್ಕೆ ಬಿಟ್ಟರೆ ಇನ್ನೇನೂ ಮಿಗುತ್ತಿರಲಿಲ್ಲ. ನನ್ನ ಪುಟವನ್ನು ಎದುರಿಗಿಟ್ಟುಕೊಂಡು, ಒಂದೊಂದು ಅಂಕಿಯನ್ನೂ ನನ್ನ ಬಾಯಿಂದ ಎರಡು ಸಲ ಹೇಳಿಸಿ ಕತ್ತರಿಸಿದರು.

ಮಾರ್ಚ್ 7ರ ಬೆಳಿಗ್ಗೆ ಮೇಸ್ತ್ರಿ ನನ್ನ ಜೊತೆ ಬಸ್ಸು ಹತ್ತಿ, ಮೂಗಿಗೆ ನಿಂಬೆಹಣ್ಣು ಹಿಡಿದು, ಕಿಟಕಿಗೆ ತಲೆಯಾನಿಸಿ ಹೇಗೋ ಕಲ್ಯಾಣದುರ್ಗ ಮುಟ್ಟಿದರು. ಮೂರು ಸಲ ವಾಂತಿ. ಕಾರು ಈಗ ತನ್ನ ನಾಲ್ಕು ಚಕ್ರಗಳ ಮೇಲೆ ನಿಂತು ಹೊಳೆಯುತ್ತಿತ್ತು. ಮುಖಕ್ಕೆ ನೀರು ಚಿಮುಕಿಸಿಕೊಂಡು ನೇರ ಕೆಲಸಕ್ಕಿಳಿದರು.

ಮೊದಲು ಹಿಂಭಾಗ. ಹಿಂದಿನ ಮರದ ಪಟ್ಟಿಗೆ ಬಟ್ಟೆಯನ್ನು ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಜಡಿದರು. ಆಮೇಲೆ ಮೂರು ಕಬ್ಬಿಣದ ಕಮಾನುಗಳ ಮೇಲೆ ಹಾಯಿಸಿ, ಸುಕ್ಕು ಸವರುತ್ತ ಮುಂದಕ್ಕೆ ತಂದರು. ಮುಂದಿನ ಗಾಜಿನ ಮೇಲಿನ ಪಟ್ಟಿಗೆ ಬಟ್ಟೆ ಸುತ್ತಿಕೊಂಡು ಒಳಗೆ ಮಡಿಯಬೇಕು, ಅಲ್ಲಿ ಮೊಳೆ ಕೂರಬೇಕು. 12.25ಕ್ಕೆ ಎಳೆದರು. ಮತ್ತೆ ಎಳೆದರು. ಬಾಯಲ್ಲಿದ್ದ ಮೊಳೆಗಳನ್ನೆಲ್ಲ ಅಂಗೈಗೆ ಉಗಿದರು.

"ಎಷ್ಟು?"

ಟೇಪು ಹಿಡಿದೆ. "ಒಂದು ಬೆರಳು, ಮೇಸ್ತ್ರೀ."

ಡಾಕ್ಟರಮ್ಮ ಮತ್ತು ಮುರಳಿ ಒಳಗೆ ಊಟಕ್ಕೆ ಕೂತಿದ್ದರು. ತಟ್ಟೆಯ ಸದ್ದು, ಮುರಳಿಯ ನಗು ಕೇಳುತ್ತಿತ್ತು. ಹೆಚ್ಚೆಂದರೆ ಇಪ್ಪತ್ತು ನಿಮಿಷ. ಹಿಂದಿನ ಮೊಳೆ ಕಿತ್ತರೆ ಬಟ್ಟೆಯ ತುಂಬ ತೂತು, ಕಿತ್ತರೂ ಅಲ್ಲಿ ಉದ್ದ ಮಿಕ್ಕಿರಲಿಲ್ಲ. ಬೇರೆ ಬಟ್ಟೆ ಇಲ್ಲ. ಕತ್ತರಿ ಅವರ ಚೀಲದಲ್ಲಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

ಮೇಸ್ತ್ರಿ ಕಾರಿನ ಸುತ್ತ ಒಂದು ಸುತ್ತು ಬಂದರು. ಎಡಬಾಗಿಲನ್ನು ತೆಗೆದು ಮೆಲ್ಲಗೆ ಹಾಕಿದರು. ಅದು ಹಗುರವಾಗಿ ಕೂತಿತು. ಮತ್ತೆ ತೆಗೆದು ಹಾಕಿದರು.

"ಅವತ್ತೂ ಇಂಗೇ ಹಾಕ್ಕಂತಿತ್ತಾ ಈ ಬಾಗ್ಲು?"

ಪುಸ್ತಕ ತೆಗೆದೆ. "ಇಲ್ಲ. ಬಿಗಿ, ಸೊಂಟದಿಂದ ತಳ್ಳಿದೆ ಅಂತ ಬರ್ದಿದ್ದೀನಿ."

"ಕಾರು ಯಾತ್ರ ಮ್ಯಾಲಿತ್ತು?"

"ಕಲ್ಲಿನ ಮೇಲೆ. ನಾಲ್ಕು ಕಲ್ಲು."

"ಎಲ್ಲೆಲ್ಲಿ?"

ಚಿತ್ರ ತೋರಿಸಿದೆ. ಎರಡು ಕಲ್ಲು ಕಾರಿನ ಮೂತಿಯ ಕೆಳಗೆ, ಎರಡು ಬಾಲದ ಕೆಳಗೆ. ನೋಡುತ್ತಲೇ ಅವರು ಹಣೆ ಚಚ್ಚಿಕೊಂಡರು.

"ಟಾಪಿಲ್ಲದ ಕಾರು ಹಗ್ಗದ ಮಂಚ ಇದ್ದಂಗೆ ಕಣಮ್ಮ. ಆ ತುದಿಗೆರಡು ಈ ತುದಿಗೆರಡು ಕಲ್ಲು ಕೊಟ್ರೆ ನಡ ಬಗ್ತದೆ. ನಡ ಬಗ್ಗಿದ್ರೆ ಮುಂದ್ಲ ಗಾಜು ಹಿಂದಕ್ಕೆ ವಾಲ್ತದೆ. ನೀನು ಅಳ್ದಿದ್ದು ಸರಿಯಾಗೈತೆ. ಬಗ್ಗಿದ್ ಕಾರ್ನ ಅಳ್ದಿದ್ದೀಯ."

"ನನ್ನಿಂದಾಯ್ತು. ನಾನೇ ಒಳಗೆ ಹೋಗಿ ಹೇಳ್ತೀನಿ."

"ಬಾಯ್ ಮುಚ್ಕಂಡು ಆ ಕಲ್ಲು ಎಲ್ಲವೆ ನೋಡು."

ಎರಡು ಕಲ್ಲು ಬಟ್ಟೆ ಒಗೆಯುವಲ್ಲಿ, ಎರಡು ಬೇವಿನ ಮರದಡಿ ಸಿಕ್ಕವು. ಮುರಳಿ ಕೈತೊಳೆದು ಹೊರಗೆ ಬರುವಷ್ಟರಲ್ಲಿ ಮೇಸ್ತ್ರಿ ಬಟ್ಟೆಯ ತುದಿಯನ್ನು ಸಡಿಲವಾಗಿ ಮಡಿಸಿಟ್ಟಿದ್ದರು. "ಜಾಕ್ ತಕಂಬಾರಪ್ಪ. ಬಿಗಿ ಬರ್ಬೇಕು" ಎಂದರು.

"ಟಾಪಿಗೆ ಜಾಕ್ ಯಾಕೆ, ಎಂದುಕು ತಾತಾ? ಆಟೋಗೂ ಹಿಂಗೇ ಎತ್ತುತೀಯಾ?"

"ಆಟೋಗೆ ನಿನ್ನಂತೋನೊಬ್ಬ ಎತ್ತಿ ಹಿಡ್ಕಂಡ್ರೆ ಸಾಕು. ಕಾನೀಯ್ ಕಾನೀಯ್" ಎಂದು ಮೇಸ್ತ್ರಿ ಅವನ ತೆಲುಗಿನಲ್ಲೇ ಅವಸರ ಮಾಡಿದರು.

1.20ಕ್ಕೆ ಕಾರು ಕಲ್ಲುಗಳ ಮೇಲಿತ್ತು, ನನ್ನ ಚಿತ್ರದಲ್ಲಿದ್ದ ಹಾಗೆಯೇ. ಎಡಬಾಗಿಲು ತಳ್ಳಿ ನೋಡಿದೆ. ಬಿಗಿ! ಮೇಸ್ತ್ರಿ ಬಟ್ಟೆ ಎಳೆದರು. ಅಂಚು ಪಟ್ಟಿಯನ್ನು ಸುತ್ತಿ ಒಳಗೆ ಮಡಿಯಿತು. ಮೂರು ಬಾಯಿ ಮೊಳೆ, ಒಟ್ಟು 64.

ನಿಜವಾದ ಭಯ ಇನ್ನು ಮುಂದೆ. ಕಲ್ಲು ತೆಗೆದರೆ ಕಾರಿನ ನಡು ನೆಟ್ಟಗಾಗುತ್ತದೆ, ಬಟ್ಟೆ ಒಂದು ಬೆರಳಿನಷ್ಟು ಹಿಗ್ಗಲೇಬೇಕು. ಹೊಲಿಗೆ ಬಿಟ್ಟರೆ ಅಲ್ಲಿಗೆ ಎಲ್ಲ ಮುಗಿಯಿತು. "ಬಿಸ್ಲು ಕುಡೀಲಿ" ಎಂದು ಮೇಸ್ತ್ರಿ ಅರ್ಧ ಗಂಟೆ ಹಾಗೆಯೇ ಬಿಟ್ಟರು. ಕಪ್ಪು ಬಟ್ಟೆ ಕೈ ಇಡಲಾಗದಷ್ಟು ಕಾದಿತ್ತು.

ಆಗ ಡಾಕ್ಟರಮ್ಮ ಕೊಡೆ ಹಿಡಿದು ಹೊರಗೆ ಬಂದರು. "ಯಾಕಯ್ಯಾ ಕಾರು ಎತ್ತಿದ್ದೀಯ? ಗಿಡ್ಡ ಏನಾದ್ರೂ ಬಂತಾ?"

ಜಡಿಯುವ ಮೊಳೆ ಒಂದೂ ಬಾಕಿ ಇರಲಿಲ್ಲ. ಆದರೂ ಮೇಸ್ತ್ರಿ ಡಬ್ಬಿಯಿಂದ ಒಂದು ಹಿಡಿ ಮೊಳೆ ತೆಗೆದು ಬಾಯಿಗೆ ಹಾಕಿಕೊಂಡರು.

"ಊಂ."

ನನಗೆ ಗೊತ್ತಿದ್ದ ಮೂರು ಊಂಗಳಲ್ಲಿ ಅದು ಯಾವುದೂ ಆಗಿರಲಿಲ್ಲ. ಡಾಕ್ಟರಮ್ಮ ನನ್ನತ್ತ ನೋಡಿದರು. ನಾನು ಪುಸ್ತಕ ನೋಡಿದೆ.

2.15ಕ್ಕೆ ಮೊದಲನೆಯ ಕಲ್ಲು ತೆಗೆದೆವು. ಏನೂ ಆಗಲಿಲ್ಲ. ಎರಡನೆಯದಕ್ಕೆ ಕಮಾನು ನರಳಿತು. ಮೂರನೆಯದಕ್ಕೆ ಹೊಲಿಗೆಯಲ್ಲಿ "ಟಕ್" ಎಂದಿತು. ಜಾಕಿನ ಹಿಡಿ ತಿರುಗಿಸುತ್ತಿದ್ದ ಮುರಳಿಯೂ ಕೈ ನಿಲ್ಲಿಸಿದ. ಮೇಸ್ತ್ರಿ ಕಾದ ಬಟ್ಟೆಗೆ ಕಿವಿಯಿಟ್ಟು, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ, ತಲೆಯಾಡಿಸಿದರು. 2.41ಕ್ಕೆ ನಾಲ್ಕನೆಯ ಕಲ್ಲು ಹೊರಬಂತು. ಬೆರಳಿನಿಂದ ಬಟ್ಟೆಯನ್ನು ಮೀಟಿದರು. ಬೆಂಕಿಗೆ ಕಾಯಿಸಿದ ತಮಟೆಯ ಸದ್ದು ಬಂತು. ಹುಡುಕಿದರೂ ಒಂದು ಸುಕ್ಕಿರಲಿಲ್ಲ.

ಡಾಕ್ಟರಮ್ಮ ಒಳಗೆ ಕೂತು, ಮೇಲೆ ಮೂರು ಕೊಡ ನೀರು ಹುಯ್ಯಿಸಿದರು. ಒಂದು ಹನಿಯೂ ಒಳಗಿಳಿಯಲಿಲ್ಲ. ಗೇಟಿನವರೆಗೆ ತಾವೇ ಕಾರು ಓಡಿಸಿ, ಅಲ್ಲಿಂದ ಹಾರ್ನ್ ಹೊಡೆದರು.

ವಾಪಸು ಬರುವ ಬಸ್ಸಿನಲ್ಲಿ ನಾನು ಹಿಗ್ಗಿನಿಂದ, "ಗೆದ್ಬಿಟ್ರಿ ಮೇಸ್ತ್ರೀ" ಎಂದೆ.

ಅವರು ನಿಂಬೆಹಣ್ಣು ಮೂಸುತ್ತ ಹೇಳಿದರು, "ಬಟ್ಟೆ ಗಿಡ್ಡ ಬಂತಲ್ಲಮ್ಮ."

"ಅದು ಯಾರಿಗೂ ಗೊತ್ತಿಲ್ಲ. ಅಳತೆ ನಂದು."

"ಅಳ್ತೆ ನಿಂದು, ಕತ್ರಿ ನಂದು. ವಾಂತಿ ಬತ್ತದೆ ಅಂತ ನಾನ್ ಹೋಗ್ ನೋಡ್ಲಿಲ್ಲ. ನೀನು ಆ ತಾಯಿಗೆ ಹೇಳಿದ್ದು ಗೊತ್ತಾದ್ರೆ ನನ್ ಮಳಿಗೆ ಮೆಟ್ಲು ಹತ್ಬ್ಯಾಡ."

ಮಾರನೆಯ ದಿನ ಕತ್ತರಿಯನ್ನು ಒರೆಸಿ ಗೋಡೆಗೆ ನೇತುಹಾಕಿದರು. ಅಂದಿನಿಂದ ಬಟ್ಟೆ ಕತ್ತರಿಸುವ ಕೆಲಸವೆಲ್ಲ ಎದುರಿನ ಟೈಲರಿಗೆ ಹೋಗುತ್ತಿತ್ತು. ಕೇಳಿದವರಿಗೆ ಕೈನೋವು ಎನ್ನುತ್ತಿದ್ದರು. ಹೊಲಿಯುತ್ತಿದ್ದರು, ಮೊಳೆ ಜಡಿಯುತ್ತಿದ್ದರು, ನನ್ನನ್ನು ಎಂದಿನಂತೆ ಬುಕ್ಕಮ್ಮ ಎಂದು ರೇಗಿಸುತ್ತಿದ್ದರು. ಹದಿನೈದು ತಿಂಗಳು ನಾನು ಪ್ರತಿದಿನ ಆ ಗೋಡೆ ನೋಡಿದೆ. ಕತ್ತರಿ ಕೆಳಗಿಳಿದದ್ದು: ಸೊನ್ನೆ.

ಕಡೆಯ ಭೇಟಿ 2005ರ ಜೂನ್ 4, ಶನಿವಾರ. ಅನಂತಪುರದಲ್ಲಿ ನನಗೆ ಬೇರೆ ಕೆಲಸ ಸಿಕ್ಕಿತ್ತು, ಹೇಳಿಹೋಗಲು ಹೋದೆ. ಬಾಯಿ ತುಂಬ ಮೊಳೆಯಿತ್ತು. "ಇನ್ನಾದ್ರೂ ಕತ್ತರಿ ತೆಗೀತೀರಾ ಮೇಸ್ತ್ರೀ?" ಎಂದೆ. "ಊಂ" ಎಂದರು. ಇಲ್ಲ ಎನ್ನುವ ಊಂ. ನಾನು ಮೆಟ್ಟಿಲಿಳಿದ ಮೇಲೆ ಮೊಳೆಗಳನ್ನು ಕೈಗೆ ಉಗಿದು ಕೂಗಿ ಹೇಳಿದರು: "ಬುಕ್ಕಮ್ಮಾ, ಏನನ್ನಾದ್ರೂ ಅಳೆಯಾಕೆ ಮುಂಚೆ ಅದು ಯಾತ್ರ ಮ್ಯಾಲೆ ನಿಂತದೆ ನೋಡು."

ಎರಡು ವರ್ಷ ಎರಡು ತಿಂಗಳು ಏಳು ದಿನ ಸುಮ್ಮನಿದ್ದೆ. 2006ರ ಮೇ 14ರಂದು ತಡೆಯಲಾಗದೆ ಡಾಕ್ಟರಮ್ಮನವರಿಗೆ ಎಲ್ಲವನ್ನೂ ಹೇಳಿದೆ, ಪುಸ್ತಕದ ಪುಟಗಳನ್ನು ಮುಂದಿಟ್ಟೆ. ಅವರು ಚಿತ್ರದ ನಾಲ್ಕು ಕಲ್ಲುಗಳ ಮೇಲೂ ಒಂದೊಂದಾಗಿ ಬೆರಳಿಟ್ಟು ನೋಡಿದರು. ಆಮೇಲೆ ಹೇಳಿದರು: "ಆಣೆ ಮಾಡಿದ್ದು ನನ್ನ ಮುಂದೆ ತಾನೇ? ಬಿಡಿಸೋದೂ ನಾನೇ. ಬಿಡಿಸಿದ್ದೀನಿ ಅಂತ ಹೋಗಿ ಹೇಳು ಅವನಿಗೆ. ಕತ್ತರಿ ತುಕ್ಕು ಹಿಡಿಯೋಕೆ ಬಿಡಬೇಡ ಅಂತ ಹೇಳು."

ಮುಂದಿನ ಭಾನುವಾರವೇ ಹಿಂದೂಪುರಕ್ಕೆ ಹೋದೆ. ಮಳಿಗೆಯಲ್ಲಿ ಮೊಬೈಲ್ ರೀಚಾರ್ಜ್ ಕಾರ್ಡು ಮಾರುತ್ತಿದ್ದರು. ಮೇಸ್ತ್ರಿ ಸಂಕ್ರಾಂತಿಗೆ ಮೊದಲೇ ಖಾಲಿ ಮಾಡಿ, ರೊದ್ದಂ ಕಡೆ ಮಗಳ ಊರಿಗೆ ಹೋದರಂತೆ. ಊರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೋಡೆಯ ಮೇಲೆ ಮೊಳೆ ಹಾಗೆಯೇ ಇತ್ತು. ಕತ್ತರಿ ಇರಲಿಲ್ಲ.

ರೊದ್ದಂಗೆ ನಾಲ್ಕು ಸಲ ಹೋಗಿ ಬಂದಿದ್ದೇನೆ, ಸುಳಿವು ಸಿಕ್ಕಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಎಡಗೆನ್ನೆ ಉಬ್ಬಿಸಿಕೊಂಡು ಬಾಯಿಂದ ಮೊಳೆ ತೆಗೆದು ಜಡಿಯುವ ಮುದುಕರೊಬ್ಬರನ್ನು ಕಂಡಿದ್ದರೆ, ಅವರ ಹತ್ತಿರ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದ ಕತ್ತರಿಯಿದ್ದರೆ, ಡಾಕ್ಟರಮ್ಮ ಆಣೆ ಬಿಡಿಸಿದ್ದಾರೆ ಎಂದು ದಯವಿಟ್ಟು ತಿಳಿಸಿ. ಅವರು "ಊಂ" ಎಂದರೆ, ಅದು ಯಾವ ಊಂ ಎಂದು ಈ ಪತ್ರಿಕೆಯ ವಿಳಾಸಕ್ಕೆ ನನಗೆ ಬರೆಯಿರಿ.