ನಕ್ಷೆಯಲ್ಲಿದ್ದ ಕಾರು

ನಮ್ಮ ಬೀದಿಯಲ್ಲಿ ರಾತ್ರಿ ಕಾರು ನಿಲ್ಲಿಸಬೇಕಾದರೆ ಪರವಾನಗಿ ಬೇಕು ಅನ್ನುವ ನಿಯಮವನ್ನು ಬರೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮುಚ್ಚಿಟ್ಟರೆ ನನ್ನ ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ, ಅದಕ್ಕಿಂತ ಇದು ವಾಸಿ. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು ನಾನು. ಊರವರ ಅರ್ಜಿಗಳಲ್ಲಿ ಕೊರತೆ ಹುಡುಕಿ ವಾಪಸು ಕಳಿಸುವುದರಲ್ಲಿ ನನ್ನ ಕೈ ಪಳಗಿತ್ತು. ನಿವೃತ್ತಿಯಾದ ಮೇಲೆ ಬಂದ ದುಡ್ಡಿನಲ್ಲಿ ಒಂದು ಸಣ್ಣ ಕಾರು ಕೊಂಡೆ. ಅದು ವಾರಕ್ಕೊಮ್ಮೆ ಸಂತೆಯ ತನಕ ಹೋಗಿ ಸೊಪ್ಪು ತರುತ್ತಿತ್ತು, ಮಿಕ್ಕ ಆರು ದಿನ ಮನೆ ಮುಂದೆ ನಿಂತು ಧೂಳು ತಿನ್ನುತ್ತಿತ್ತು.

ಚಿಂತಾಮಣಿಯ ಅಂಚಿನಲ್ಲಿದೆ ನಮ್ಮ ಬಡಾವಣೆ. ಮಹಡಿಯ ಮೇಲೆ ನಿಂತು ದೂರ ನೋಡಿದರೆ ಅಂಬಾಜಿದುರ್ಗ, ಕೆಳಗೆ ನೋಡಿದರೆ ಬರೀ ಕಾರುಗಳ ನೆತ್ತಿ. ಎಲ್ಲವೂ ಮೂವತ್ತು ನಲವತ್ತರ ಸೈಟುಗಳು. ಮಂಜೂರಾತಿಗೆ ಕೊಟ್ಟ ನಕ್ಷೆಗಳಲ್ಲಿ ಒಂದೊಂದು ಮನೆಗೂ ಕಾರು ನಿಲ್ಲಿಸುವ ಜಾಗ ಇತ್ತು. ಮನೆ ಎದ್ದು ನಿಂತ ಮೇಲೆ ಆ ಜಾಗ ಒಬ್ಬರಿಗೆ ಸೊಸೆಯ ರೂಮಾಯಿತು, ಇನ್ನೊಬ್ಬರಿಗೆ ಹಾಲಿನ ಬೂತಾಯಿತು, ನಮ್ಮ ಎದುರು ಮನೆಯವರಿಗೆ ಬ್ಯೂಟಿ ಪಾರ್ಲರ್ ಆಯಿತು. ಕಾರು ಬೀದಿಗೆ ಬಿತ್ತು. ಬೀದಿಗೆ ಬಿದ್ದ ಮೇಲೆ ಜಗಳ ಶುರುವಾಯಿತು. ಒಬ್ಬರು ತಮ್ಮ ಗೇಟಿನ ಮುಂದೆ ಒಡೆದ ಒರಳುಕಲ್ಲು ಇಟ್ಟರು, ಇನ್ನೊಬ್ಬರು ಪೇಂಟಿನ ಡಬ್ಬಕ್ಕೆ ಸಿಮೆಂಟು ತುಂಬಿ ಇಟ್ಟರು, ಮತ್ತೊಬ್ಬರು ಒಣಗಿಹೋದ ತುಳಸಿಯ ಕುಂಡವನ್ನೇ ತಂದಿಟ್ಟರು, ಯಾರೂ ಮುಟ್ಟಲಾರರು ಎಂಬ ಧೈರ್ಯದಿಂದ. ಬೆಳಿಗ್ಗೆ ನೀರು ಚಿಮುಕಿಸಿ ರಂಗೋಲಿ ಎಳೆದ ಮಾತ್ರಕ್ಕೆ ಅಲ್ಲಿನ ಡಾಂಬರು ತಮ್ಮ ಹೆಸರಿಗೆ ಖಾತೆಯಾಗಿಬಿಡುತ್ತದೆ ಎಂದು ನಂಬಿದ ಜನ ಇವರು.

ನಮ್ಮ ಮನೆಯ ಕಾರಿನ ಜಾಗಕ್ಕೆ ನಾನು ಷಟರ್ ಹಾಕಿಸಿ ಒಬ್ಬ ಟೈಲರ್ ಹೆಂಗಸಿಗೆ ಬಾಡಿಗೆಗೆ ಕೊಟ್ಟಿದ್ದೆ. ಅಂಬಾಜಿದುರ್ಗದ ಬುಡದ ಹಳ್ಳಿಯೊಂದರಿಂದ ಬಂದಾಕೆ. ಗಂಡ ತೀರಿಹೋದ ಮೇಲೆ ಒಂದು ಹೊಲಿಗೆ ಮೆಷೀನು ಇಟ್ಟುಕೊಂಡು ಬಂದಳು, ಎಂಟು ವರ್ಷದಲ್ಲಿ ಅದು ಮೂರಾಯಿತು. ಬೀದಿಯ ಅಷ್ಟೂ ಹೆಂಗಸರ ರವಿಕೆ ಆಕೆಯದೇ. ಅದಕ್ಕಿಂತ ಹೆಚ್ಚಾಗಿ, ಪಕ್ಕದ ಖಾಸಗಿ ಶಾಲೆಯ ಮಕ್ಕಳ ಯೂನಿಫಾರಂ ಪ್ರತಿ ವರ್ಷ ಆಕೆಯೇ ಹೊಲಿದುಕೊಡುತ್ತಿದ್ದಳು. ಬೇಸಿಗೆಯ ಆ ಎರಡು ತಿಂಗಳ ದುಡಿಮೆಯಲ್ಲಿ ವರ್ಷದ ಸಂಸಾರ ನಡೆಯುತ್ತದೆ ಎಂದು ಆಕೆಯೇ ನನ್ನ ಹೆಂಡತಿಗೆ ಹೇಳಿದ್ದಳು. ಬೆಳಿಗ್ಗೆ ಎಂಟಕ್ಕೆ ಷಟರ್ ಎತ್ತುವ ಸದ್ದು, ಆಮೇಲೆ ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತು, "ಕಾಫಿ ಆಯ್ತಾ ಸಾರ್?" ಅನ್ನುವುದು. ಇದು ನನ್ನ ದಿನದ ಮೊದಲ ಮಾತಾಗಿತ್ತು.

ಒಂದು ದಿನ ನಮ್ಮ ಬಡಾವಣೆ ಸಂಘದ ಅಧ್ಯಕ್ಷರ ಕಾರಿಗೆ ಯಾರದೋ ಕಾರು ಅಡ್ಡ ನಿಂತು, ಅವರು ಬೆಂಗಳೂರಿಗೆ ಒಂದು ಗಂಟೆ ತಡವಾಗಿ ಹೋದರು. ಅಷ್ಟೇ, ಬಡಾವಣೆಯಲ್ಲಿ ಶಿಸ್ತಿಲ್ಲ ಎಂದು ಅವರಿಗೆ ಆವತ್ತು ಹೊಳೆಯಿತು. ಕಬ್ಬಿಣ ಸಿಮೆಂಟಿನ ವ್ಯಾಪಾರಿ, ಮನೆಯಲ್ಲಿ ಮೂರು ಕಾರು. ಭಾನುವಾರ ಪಾರ್ಕಿನ ಹೊಂಗೆ ಮರದ ಕೆಳಗೆ ಸಭೆ ಕರೆದರು.

"ಸಾರ್, ನಿಮ್ದು ಆಫೀಸ್ ಕೈ. ನೀವು ಬರ್ಕೊಟ್ರೆ ಅದ್ರ ತೂಕಾನೇ ಬೇರೆ," ಅಂದರು ನನಗೆ.

ನಾನು ಉಬ್ಬಿಹೋದೆ. ಸಾರ್ವಜನಿಕ ರಸ್ತೆಗೆ ಬಾಡಿಗೆ ವಸೂಲಿ ಮಾಡುವ ಅಧಿಕಾರ ಈ ಸಂಘಕ್ಕೆ ಎಲ್ಲಿಂದ ಬಂತು ಎಂದು ಆ ಸಭೆಯಲ್ಲಿ ಯಾರೂ ಕೇಳಲಿಲ್ಲ. ಕೇಳಬಲ್ಲವನು ಇದ್ದದ್ದು ನಾನೊಬ್ಬ, ನಾನು ಪೆನ್ನಿನ ಕ್ಯಾಪು ತೆಗೆಯುತ್ತಾ ಕೂತಿದ್ದೆ. ಎರಡು ದಿನ ಕೂತು ಹದಿನಾಲ್ಕು ನಿಯಮ ಬರೆದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬೀದಿಯಲ್ಲಿ ನಿಲ್ಲುವ ಕಾರಿಗೆ ಸ್ಟಿಕ್ಕರ್ ಇರಬೇಕು. ಮೊದಲ ಕಾರಿಗೆ ತಿಂಗಳಿಗೆ ಇಷ್ಟು, ಎರಡನೆಯದಕ್ಕೆ ಅದರ ದುಪ್ಪಟ್ಟು. ನೆಂಟರ ಕಾರಿಗೆ ಬೇರೆ ಚೀಟಿ, ಬೇರೆ ಶುಲ್ಕ. ಇಲ್ಲದಿದ್ದರೆ ಕಾವಲುಗಾರ ಚಕ್ರಕ್ಕೆ ಸರಪಳಿ ಬಿಗಿದು ಬೀಗ ಹಾಕುವುದು, ದಂಡ ಕಟ್ಟಿದ ಮೇಲೆ ಬಿಚ್ಚುವುದು. ಹನ್ನೊಂದನೆಯ ನಿಯಮ ಮಾತ್ರ ನನ್ನ ಸ್ವಂತ ಹೊಟ್ಟೆಯುರಿಯಿಂದ ಹುಟ್ಟಿದ್ದು. "ಮಂಜೂರಾದ ನಕ್ಷೆಯಲ್ಲಿ ವಾಹನ ನಿಲುಗಡೆಗೆ ಸ್ಥಳ ತೋರಿಸಿರುವ ಮನೆಯವರಿಗೆ ರಸ್ತೆ ಪರವಾನಗಿ ನೀಡತಕ್ಕದ್ದಲ್ಲ" ಎಂದು ಬರೆದೆ. ಎದುರು ಮನೆಯ ಪಾರ್ಲರಿಗೆ ಬರುವವರ ಸ್ಕೂಟರುಗಳಿಂದ ನನಗೆ ಅಷ್ಟು ಸಾಕಾಗಿತ್ತು. ಅವರನ್ನು ಕಟ್ಟಿಹಾಕಬೇಕಿತ್ತು, ನಮ್ಮ ಮನೆಯ ಷಟರ್ ನನ್ನ ನೆನಪಿಗೇ ಬರಲಿಲ್ಲ. ನಾನು ನಿಯಮಗಳನ್ನು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಎದುರು ಮನೆಯವರೂ ತಟ್ಟಿದರು.

ಸ್ಟಿಕ್ಕರ್ ಪಡೆಯಲು ಒಂದು ತಿಂಗಳ ಗಡುವು. ನೆಂಟರ ನಿಯಮ ಮಾತ್ರ ಅವತ್ತಿನಿಂದಲೇ ಜಾರಿ. ಆ ವಾರವೇ ಮೂಲೆ ಮನೆಯ ಸೀಮಂತಕ್ಕೆ ಗೌರಿಬಿದನೂರಿನಿಂದ ಹಿಂದಿನ ರಾತ್ರಿಯೇ ಬಂದಿದ್ದ ಅಳಿಯನ ಕಾರಿಗೆ ಸರಪಳಿ ಬಿತ್ತು. ಹೂವು ಹಣ್ಣಿನ ತಟ್ಟೆ ಹಿಡಿದುಕೊಂಡು ನಿಂತ ನೆಂಟರಿಷ್ಟರ ಎದುರಿಗೆ ಮಾವ ದಂಡ ಕಟ್ಟಿ ಬೀಗ ಬಿಚ್ಚಿಸಿದರು. ಆ ಮುಖ ನೋಡಿ ನನಗೆ ನಗು ಬಂದಿತ್ತು. ಅಧ್ಯಕ್ಷರ ಮೂರನೆಯ ಕಾರಿಗೆ "ಸಂಘದ ಸೇವೆಗೆ" ಎಂದು ಪುಕ್ಕಟೆ ಸ್ಟಿಕ್ಕರ್ ಅಂಟಿದಾಗಲೂ ನಾನು ಸುಮ್ಮನಿದ್ದೆ. ಆ ಸೇವೆ ಏನೆಂದರೆ, ಅವರ ಮಗ ಆ ಕಾರಿನಲ್ಲಿ ಜಿಮ್‌ಗೆ ಹೋಗುತ್ತಿದ್ದ.

ಆಮೇಲೆ ನಾನು ಅರ್ಜಿ ಹಾಕಿದೆ. ಕಾರಿನ ಆರ್‌ಸಿಯ ಜೆರಾಕ್ಸ್ ಒಂದಿದ್ದರೆ ಸಾಕು ಎಂದು ನಿಯಮದಲ್ಲಿ ನಾನೇ ಬರೆದಿದ್ದೆ. ಆದರೆ ಲಗತ್ತುಗಳಿಲ್ಲದ ಕಾಗದವನ್ನು ಅರ್ಜಿ ಅನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆರ್‌ಸಿ, ವಿಮೆ, ಕಂದಾಯದ ರಸೀದಿ, ಕರೆಂಟ್ ಬಿಲ್ಲು, ಎಲ್ಲದರ ಕೆಳಗೆ ಮನೆಯ ಮಂಜೂರಾದ ನಕ್ಷೆ. ಒಂದೊಂದಕ್ಕೂ ಸಹಿ ಹಾಕಿ, ಪುಟಸಂಖ್ಯೆ ಬರೆದು, ಮೂಲೆಗೆ ದಾರ ಕಟ್ಟಿ ಕೊಟ್ಟೆ. ಯಾರೂ ಕೇಳಿರಲಿಲ್ಲ. ಬುದ್ಧಿ ಇರುವ ಯಾರೂ ಹೀಗೆ ಮಾಡುವುದೂ ಇಲ್ಲ.

ಮೂರು ದಿನ ಬಿಟ್ಟು ಅಧ್ಯಕ್ಷರು ಅರ್ಜಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು.

"ಸಾರ್, ನಿಮ್ ನಕ್ಷೇಲಿ ಕಾರು ನಿಂತಿದೆಯಲ್ಲ ಸಾರ್," ಅಂದರು.

ನಿಜ, ನಿಂತಿತ್ತು. ನಮ್ಮ ಇಂಜಿನಿಯರು ಅಂದವಾಗಿ ಒಂದು ಕಾರಿನ ಚಿತ್ರವನ್ನೇ ಬರೆದು ಸುತ್ತ ಹತ್ತು ಅಡಿ ಅಗಲಕ್ಕೆ ಗೋಡೆ ಎಳೆದಿದ್ದರು.

"ಎದುರು ಮನೆಯವ್ರಿಗೆ ಸ್ಟಿಕ್ಕರ್ ಕೊಟ್ಟಿದ್ದೀರಲ್ಲ ಮತ್ತೆ?"

"ಅವ್ರು ನಕ್ಷೆ ಕಳ್ದೋಗಿದೆ ಅಂದ್ರು. ಬೀದೀಲಿ ಎಲ್ರದೂ ಕಳ್ದೋಗಿದೆ ಸಾರ್. ತಂದುಕೊಟ್ಟಿರೋರು ನೀವೊಬ್ರೇ."

ಅರ್ಜಿಯ ಮೇಲೆ ಅವರು ಬರೆದಿದ್ದ ಷರಾ ನೋಡಿದೆ. "ನಿಯಮ ಹನ್ನೊಂದರಂತೆ ಹಿಂತಿರುಗಿಸಿದೆ." ಇಂಥ ಷರಾವನ್ನು ನಾನು ಎಷ್ಟು ಜನರ ಅರ್ಜಿಯ ಮೇಲೆ ಬರೆದಿದ್ದೆನೋ ಲೆಕ್ಕವಿಲ್ಲ. ನನ್ನ ಕೈಗೆ ಅದು ಬಂದದ್ದು ಅದೇ ಮೊದಲು. ಮೈಯೆಲ್ಲ ಉರಿದುಹೋಯಿತು.

ಗಡುವಿಗೆ ಇನ್ನು ಹತ್ತು ದಿನ ಇತ್ತು. ಕಾರನ್ನು ದೂರದ ಖಾಲಿ ಸೈಟಿನಲ್ಲಿ ನಿಲ್ಲಿಸಬಹುದಾಗಿತ್ತು. ಮಾರಿಬಿಡಬಹುದಾಗಿತ್ತು. ಆದರೆ ನನ್ನ ಕಾರಿಗೆ ಸರಪಳಿ ಬಿದ್ದು, ಮೂಲೆ ಮನೆಯವರು ನನ್ನ ಮುಖ ನೋಡಿ ನಗುವುದನ್ನು ನೆನೆಸಿಕೊಂಡರೆ ನಿದ್ದೆ ಬರುತ್ತಿರಲಿಲ್ಲ. ಮರುದಿನವೇ ಷಟರ್ ಹತ್ತಿರ ಹೋದೆ. ಒಳಗೆ ನೀಲಿ ಬಟ್ಟೆಯ ಥಾನುಗಳು ಸೂರಿನವರೆಗೆ ಪೇರಿಸಿದ್ದವು. ಶಾಲೆ ಶುರುವಾಗುವುದಕ್ಕೆ ಮೂರು ವಾರ ಇತ್ತು.

"ರೂಮು ಬೇಕಾಗಿದೆ ಕಣಮ್ಮ. ಕಾರು ನಿಲ್ಲಿಸಬೇಕು," ಅಂದೆ.

ಆಕೆ ಮೆಷೀನು ನಿಲ್ಲಿಸಿದಳು. "ಯಾವಾಗ ಸಾರ್?"

"ಒಂದನೇ ತಾರೀಖಿನೊಳಗೆ."

"ಇಸ್ಕೂಲ್ ಶುರುವಾಗೋವರ್ಗೂ ಬಿಡಿ ಸಾರ್. ಬಟ್ಟೆ ಎಲ್ಲ ಕಟಿಂಗ್ ಆಗೋಗಿದೆ. ಈಗ ಎದ್ರೆ ಹೊತ್ತಿಗೆ ಕೊಡಕ್ಕಾಗಲ್ಲ. ಆರ್ಡರ್ ಹೋಗ್ಬಿಡ್ತದೆ."

"ನಿಯಮ ಅಮ್ಮ. ನನ್ನ ಕೈಲೇನಿದೆ?"

ಹೀಗೆ ಅಂದೆ, ನಾಚಿಕೆಯಿಲ್ಲದೆ. ನಿಯಮ ಬರೆದದ್ದು ಯಾರು ಎಂದು ಬೀದಿಗೆಲ್ಲ ಗೊತ್ತಿತ್ತು. "ಪೋನೀಲೆಂಡಿ ಸಾರ್, ಬಿಡಿ," ಎಂದು ಆಕೆ ತನ್ನ ಮನೆಮಾತು ತೆಲುಗಿನಲ್ಲೇ ಹೇಳಿ ಮತ್ತೆ ಮೆಷೀನು ತುಳಿಯತೊಡಗಿದಳು.

ಮನೆಯಲ್ಲಿ ನನಗೆ ಸರಿಯಾಗಿ ಮಂಗಳಾರತಿ ಆಯಿತು. "ಕಾರಿಗೆ ಬೇರೆ ರೂಮು ಬೇಕೇನ್ರೀ? ಅದೇನು ಬಾಣಂತೀನಾ?" ಅಂದಳು ನನ್ನ ಹೆಂಡತಿ. "ಸೊಪ್ಪು ತರೋ ಕಾರಿಗೋಸ್ಕರ ಅನ್ನ ದುಡಿಯೋಳನ್ನ ಎಬ್ಬಿಸ್ತೀರಲ್ಲ, ನಿಮ್ಗೆ ಮನಸ್ಸಾದ್ರೂ ಹೆಂಗ್ ಬರುತ್ತೆ?" ನಾನು ಪೇಪರು ಅಡ್ಡ ಹಿಡಿದುಕೊಂಡೆ. ಎರಡು ದಿನ ಅವಳು ನನಗೆ ಕಾಫಿ ಕೊಟ್ಟಳೇ ಹೊರತು ಮಾತು ಕೊಡಲಿಲ್ಲ.

ಮೂವತ್ತೊಂದನೇ ತಾರೀಖು ಲಗೇಜ್ ಆಟೋ ಬಂತು. ಮೂರು ಮೆಷೀನು, ಕತ್ತರಿಸಿಟ್ಟ ಬಟ್ಟೆಯ ಗಂಟುಗಳು, ಒಂದು ಸ್ಟೂಲು. ಹೋಗುವ ಮೊದಲು ಆಕೆ ರೂಮನ್ನು ಗುಡಿಸಿ, ದಾರದ ಚೂರುಗಳನ್ನೆಲ್ಲ ಬಾಚಿ ತೆಗೆದಳು. ಹೆಂಡತಿಯ ರವಿಕೆಯೊಂದು ಬಾಕಿ ಇತ್ತಂತೆ, ಅದನ್ನೂ ಹೊಲಿದು ಮಡಿಸಿ ಬೀಗದ ಕೈ ಜೊತೆ ಕೊಟ್ಟಳು. ನನ್ನ ಕಡೆ ತಿರುಗಿ ಎಂದಿನ ಹಾಗೆ, "ಬರ್ತೀನಿ ಸಾರ್," ಅಂದಳು.

ಒಂದನೇ ತಾರೀಖು ಸಂಜೆ, ನಾಲ್ಕು ಜನ ನೋಡಲಿ ಎಂದೇ ಕಾರು ತೆಗೆದೆ. ಅಧ್ಯಕ್ಷರನ್ನೂ ಕರೆಸಿದ್ದೆ. ನಿಯಮ ಪಾಲಿಸುವುದು ಹೇಗೆಂದು ಇವರಿಗೆಲ್ಲ ತೋರಿಸಬೇಕಿತ್ತು. ಷಟರ್ ಎತ್ತಿಸಿ, ಎರಡೂ ಕಡೆಯ ಕನ್ನಡಿ ಮಡಿಸಿ, ನಿಧಾನವಾಗಿ ಒಳಗೆ ತಂದು ನಿಲ್ಲಿಸಿ ಎಂಜಿನ್ ಆರಿಸಿದೆ. ಆಮೇಲೆ ಇಳಿಯಲು ಬಾಗಿಲು ತೆಗೆದೆ. ಬಾಗಿಲು ಗೇಣಗಲ ತೆರೆದು ಗೋಡೆಗೆ ಬಡಿಯಿತು. ಆ ಕಡೆಯ ಬಾಗಿಲು ನೋಡಿದೆ, ಅದೂ ಅಷ್ಟೇ. ಆಗ ನೆನಪಾಯಿತು. ಮನೆ ಕಟ್ಟುವಾಗ ಮೆಟ್ಟಿಲು ತೀರಾ ಇಕ್ಕಟ್ಟಾಯಿತೆಂದು ಆ ಜಾಗದಿಂದ ಮೂರೂವರೆ ಅಡಿ ಕಿತ್ತುಕೊಂಡು ಗೋಡೆಯನ್ನು ಒಳಗೆ ಸರಿಸಿದವನು ನಾನೇ. ಹತ್ತು ಅಡಿ ಇದ್ದದ್ದು ನಕ್ಷೆಯಲ್ಲಿ ಮಾತ್ರ. ಇಷ್ಟು ವರ್ಷ ನನ್ನ ತಲೆಯಲ್ಲೂ ಹತ್ತೇ ಅಡಿ ಉಳಿದಿತ್ತು, ಏಕೆಂದರೆ ಕಾಗದದಲ್ಲಿ ಹಾಗಿತ್ತು.

"ಇಳೀರಿ ಸಾರ್," ಅಂದರು ಅಧ್ಯಕ್ಷರು ಹಿಂದಿನಿಂದ.

ಎಲ್ಲಿಂದ ಇಳಿಯುವುದು? ಸೀಟಿನಲ್ಲಿ ಕೂತೇ ಇದ್ದೆ. ಎದುರಿನ ಗೋಡೆಯ ಮೇಲೆ ಟೈಲರಮ್ಮನ ಪೆನ್ಸಿಲ್ ಬರಹ ಕಾಣುತ್ತಿತ್ತು. ಉದ್ದ, ಎದೆ, ತೋಳು, ಸೊಂಟ, ಬೀದಿಯ ಎಲ್ಲರ ಅಳತೆಯೂ ಅಲ್ಲಿತ್ತು. ಬೆನ್ನ ಹಿಂದೆ ಮೂಲೆ ಮನೆಯವರು ನಕ್ಕದ್ದು ಕೇಳಿಸಿತು. ಕೊನೆಗೆ ಹಿಂದಕ್ಕೆ ತೆಗೆದು ಬೀದಿಯಲ್ಲೇ ಇಳಿದೆ. ಅವತ್ತು ರಾತ್ರಿ ಕಾರು ಬೀದಿಯಲ್ಲೇ ನಿಂತಿತು, ಬೆಳಗಾದರೆ ಚಕ್ರಕ್ಕೆ ಸರಪಳಿ.

ದಂಡ ಕಟ್ಟಿ ಅಧ್ಯಕ್ಷರ ಹತ್ತಿರ ಹೋದೆ. ಜಾಗ ಸಾಲದು, ಸ್ಟಿಕ್ಕರ್ ಕೊಡಿ ಎಂದೆ.

"ಕೊಡಣ ಸಾರ್, ಅದಕ್ಕೇನಂತೆ. ಗೋಡೇನ ನಕ್ಷೆ ಪ್ರಕಾರ ಕಟ್ಟಿಲ್ಲ ಅಂತ ನಿಮ್ ಕೈಯಾರೆ ಒಂದು ಬರ್ಕೊಟ್ಬಿಡಿ, ಫೈಲ್‌ಗೆ ಹಾಕ್ಕೊಳ್ತೀನಿ," ಅಂದರು.

ಸಿಮೆಂಟು ಮಾರುವವನಿಗೆ ಕಡತದ ವಿದ್ಯೆ ಕಲಿಸಿದವನು ನಾನು. ಕಟ್ಟಡದ ತಪ್ಪನ್ನು ನನ್ನ ಕೈಬರಹದಲ್ಲಿ ಒಪ್ಪಿಕೊಂಡು ಇವರ ಬೀರುವಿನಲ್ಲಿ ಇಡುವಷ್ಟು ಮೂರ್ಖ ನಾನಲ್ಲ. ಬಾಯಿ ಮುಚ್ಚಿಕೊಂಡು ಬಂದೆ. ಈಗ ಕಾರು ಮಾರ್ಕೆಟ್ಟಿನ ಆಚೆಗಿನ ಖಾಲಿ ಸೈಟಿನಲ್ಲಿ ನಿಲ್ಲುತ್ತದೆ. ನಾನು ಅಲ್ಲಿಂದ ಮನೆಗೆ ನಡೆದು ಬರುವ ಹೊತ್ತಿಗೆ ಸೊಪ್ಪು ಬಾಡಿರುತ್ತದೆ. ಮೊದಲೇ ಹೀಗೆ ಮಾಡಿದ್ದರೆ ಟೈಲರಮ್ಮ ಏಳಬೇಕಾಗಿಯೇ ಇರಲಿಲ್ಲ. ಹೆಂಡತಿ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಖಾಲಿ ರೂಮಿನ ಷಟರನ್ನು ದಿನಾ ಎಂಟಕ್ಕೆ ಎತ್ತಿ, ಗುಡಿಸಿ, ಮತ್ತೆ ಎಳೆದುಬಿಡುತ್ತಿದ್ದಳು. ನನಗೆ ಕೇಳಿಸಲಿ ಎಂದೇ ಜೋರಾಗಿ ಎಳೆಯುತ್ತಿದ್ದಳು.

ಜೂನ್ ಕಳೆದ ಮೇಲೆ ಒಂದು ದಿನ ಟೈಲರಮ್ಮನ ಹಳ್ಳಿಗೆ ಹೋದೆ. ಕಾರಿದ್ದೂ ಬಸ್ಸಿನಲ್ಲಿ ಹೋದೆ, ಕಾರಿಗಿಂತ ಬಸ್‌ಸ್ಟ್ಯಾಂಡು ನಮ್ಮ ಮನೆಗೆ ಹತ್ತಿರ. ಅಣ್ಣನ ಮನೆಯ ಜಗುಲಿಗೆ ತಾಡಪಾಲು ಕಟ್ಟಿಕೊಂಡು ಹೊಲಿಯುತ್ತಾ ಕೂತಿದ್ದಳು. ಒಂದೇ ಮೆಷೀನು ಇತ್ತು. ಯೂನಿಫಾರಂ ಹೊತ್ತಿಗೆ ಕೊಡಲಾಗದೆ, ಶಾಲೆಯವರು ಉಳಿದ ಬಟ್ಟೆಯನ್ನು ವಾಪಸು ತೆಗೆದುಕೊಂಡು ಬೇರೆಯವರಿಗೆ ಕೊಟ್ಟಿದ್ದರು. ಮಿಕ್ಕ ಎರಡು ಮೆಷೀನು ಮಾರಿದೆ ಎಂದಳು. ನನ್ನನ್ನು ನೋಡಿ ಎದ್ದು, ಒಳಗಿನಿಂದ ಕುರ್ಚಿ ತಂದು ಹಾಕಿ, ಮಜ್ಜಿಗೆ ಕೊಟ್ಟಳು.

"ರೂಮು ಖಾಲಿ ಇದೆಯಮ್ಮ. ವಾಪಸ್ ಬಂದುಬಿಡು," ಅಂದೆ.

"ಮತ್ತೆ ಕಾರು?"

ಹೇಳಿದೆ. ಬಾಗಿಲು ಗೇಣಗಲ ತೆರೆದದ್ದು, ಒಳಗೇ ಕೂತದ್ದು, ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ.

"ಬರಲ್ಲ ಸಾರ್. ಮೂರು ಮೆಷೀನಿಗೆ ಆ ರೂಮು ಬೇಕಾಗಿತ್ತು. ಒಂದಕ್ಕೆ ಈ ಜಗುಲಿ ಸಾಕು," ಅಂದಳು. ಆಮೇಲೆ ನನ್ನ ಲೋಟ ತೆಗೆದುಕೊಳ್ಳುತ್ತಾ ಹೇಳಿದಳು: "ನನ್ನನ್ನ ಒಂದ್ ಮಾತು ಕೇಳಿದ್ರೆ ನಾನೇ ಅಳೆದು ಹೇಳ್ತಿದ್ನಲ್ಲ ಸಾರ್. ಎರಡು ನಿಮಿಷದ ಕೆಲ್ಸ."

ಆಗಲೂ ಆಕೆಯ ಕೊರಳಲ್ಲಿ ಟೇಪು ಇತ್ತು. ಎಂಟು ವರ್ಷ ದಿನಾ ಬೆಳಿಗ್ಗೆ ಅದನ್ನು ನೋಡಿದ್ದೆ.